ಸೇಡಮಿನಿಂದ ಮುಂಬಯಿಗೆ, ನಮ್ಮವರೆಲ್ಲರ ಕೃಪೆಯಿಂದ

ನಾವು ಎಲ್ಲಿಗಾದರೂ ಹೊರಟರೆ ಸಾಕು, ತಡೆಯುವವರು, ತಿದ್ದುವವರು, ಜೊತೆಗೆ ಬರುವವರು ಎಲ್ಲಿಂದಲೋ ಹುಟ್ಟಿಕೊಳ್ಳುತ್ತಾರೆ. ಬೇರೆಯವರ ಮನೆಯ ಸಂಗತಿ ನನಗೆ ಗೊತ್ತಿಲ್ಲ. ನಮ್ಮ ಸೇಡಂ ಮನೆಯಲ್ಲಿ ಇದು ಒಮ್ಮೆಯೂ ತಪ್ಪಿದ್ದಿಲ್ಲ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಊಟದ ಗಂಟೆ ಹೊಡೆದ ಮೇಲೆ ಬಂದವರಿಗೆ ಅಲ್ಲಿನ ಸಿಸ್ಟರುಗಳು ತಟ್ಟೆ ಕೊಡುತ್ತಿರಲಿಲ್ಲ. ಅದೇ ಶಿಸ್ತಿನಿಂದ ನಿವೃತ್ತಿಯಾಗುವವರೆಗೆ ಹುಡುಗಿಯರ ಹಾಸ್ಟೆಲ್ ನಡೆಸಿದೆ. ಆವರೆಗೆ ನಾನು ರೈಲಿನಲ್ಲಿ ಓಡಾಡಿದ್ದೆಲ್ಲ ಹುಡುಗಿಯರನ್ನು ಕರೆದುಕೊಂಡೇ. ಬಾಗಿಲ ಬಳಿ ನಿಂತು ತಲೆ ಎಣಿಸುವುದರಲ್ಲೇ ಊರುಗಳು ಕಳೆದುಹೋಗುತ್ತಿದ್ದವು. ಈ ಸಲ ನಮ್ಮ ಯಜಮಾನರು ಮತ್ತು ನಾನು, ಇಬ್ಬರೇ. ಮೂರು ಊರು, ಕಿಟಕಿ ಪಕ್ಕದ ಸೀಟು, ಯಾರ ಹೊಣೆಯೂ ಇಲ್ಲ. ನಾನು ಬಯಸಿದ್ದು ಇಷ್ಟೇ. ಇದು ಇಷ್ಟು ದೊಡ್ಡ ಆಸೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ಹೈದರಾಬಾದು

ಮೊದಲು ಯೋಚಿಸಿದ್ದು ಹೈದರಾಬಾದು, ವರಂಗಲ್ಲು, ವಿಜಯವಾಡ. ಪಕ್ಕದ ಮನೆಯ ಖಾಲಾ ಕಾಂಪೌಂಡಿನ ಆಚೆಯಿಂದ ಏನು ವಿಶೇಷವೆಂದು ವಿಚಾರಿಸಿದರು. ಹೈದರಾಬಾದಿಗೆ ಹೊರಟಿದ್ದೇವೆ ಎಂದೆ. ಆಕೆಯ ಮುಖ ಸಪ್ಪಗಾಯಿತು.

"ಯಾರಿಗೇನಾಗ್ಯಾದ್ರಿ ಮೇಡಂ?"

ಯಾರಿಗೂ ಏನೂ ಆಗಿಲ್ಲ, ಊರು ನೋಡಲು ಹೋಗುತ್ತಿದ್ದೇವೆ ಎಂದು ಬಿಡಿಸಿ ಹೇಳಿದೆ. ಆಕೆ ತಲೆಯಾಡಿಸಿದರು, ನಂಬಲಿಲ್ಲ. ಸೇಡಂ, ಚಿಂಚೋಳಿ ಕಡೆಯವರು ಹೈದರಾಬಾದಿನ ಗಾಡಿ ಹತ್ತಿದರೆ ಕೈಯಲ್ಲಿ ಎಕ್ಸ್‌ರೇ ಲಕೋಟೆ ಇರಲೇಬೇಕು. ಲಕೋಟೆ ಇಲ್ಲದಿದ್ದರೆ ಕಾಯಿಲೆ ಹೊರಗೆ ಹೇಳುವಂಥದ್ದಲ್ಲ ಎಂದು ಅರ್ಥ.

ಸಂಜೆಯ ಹೊತ್ತಿಗೆ ಮನೆ ತುಂಬ ಬ್ರೆಡ್ಡು, ಬಾಳೆಹಣ್ಣು. ಯಾವ ದವಾಖಾನೆ ಎಂದು ಕೆಲವರು, ಯಾವ ಡಾಕ್ಟರು ಎಂದು ಕೆಲವರು. ನಾನು ಸಿಟ್ಟಿನಿಂದ ಉತ್ತರ ಕೊಟ್ಟಷ್ಟೂ, ಪಾಪ, ನೋವು ತಾಳಲಾರದೆ ಹೀಗೆ ಮಾತಾಡುತ್ತಾರೆ ಎಂದು ತಮ್ಮತಮ್ಮಲ್ಲೇ ಸಮಾಧಾನ ಹೇಳಿಕೊಂಡರು. ಕೊನೆಗೆ ಹಿಂದಿನ ಓಣಿಯ ಮೇಷ್ಟ್ರು ಬಂದು ಯಜಮಾನರ ಕೈ ಹಿಡಿದುಕೊಂಡು ಕೂತರು. ಆತ ಓದಿದ ಮನುಷ್ಯ, ಅರ್ಥ ಮಾಡಿಕೊಂಡಾರು ಎಂದು ನಾನೇ ಎದುರು ನಿಂತು, ಚಾರ್ಮಿನಾರ್ ನೋಡುತ್ತೇವೆ, ಗೋಲ್ಕೊಂಡಾ ನೋಡುತ್ತೇವೆ, ಅಷ್ಟೇ, ಬೇರೇನೂ ಇಲ್ಲ ಎಂದೆ.

ಆತನ ಕಣ್ಣು ಒದ್ದೆಯಾಯಿತು. "ನೋಡ್ರಿ ಮೇಡಂ, ನೋಡ್ರಿ. ಆಸೆ ಇದ್ದದ್ದೆಲ್ಲಾ ಈಗೇ ನೋಡಿಬಿಡ್ರಿ."

ವಾಡಿಯವರ ಸಲಹೆ

ಪೂರ್ವದ ಕಡೆಗೆ ಹೋಗುವುದೇ ಬೇಡವೆಂದು ದಿಕ್ಕು ಬದಲಾಯಿಸಿದೆ. ಪಶ್ಚಿಮಕ್ಕೆ ಹೋಗೋಣ: ಸೊಲ್ಲಾಪುರ, ಪುಣೆ, ಮುಂಬಯಿ. ಆ ದಾರಿಯಲ್ಲಿ ನಮ್ಮನ್ನು ರೋಗಿಗಳೆಂದುಕೊಳ್ಳುವವರು ಯಾರೂ ಇರಲಿಲ್ಲ. ನೆಂಟರೂ ಸ್ನೇಹಿತರೂ ಇದ್ದರು. ಅದು ಕಾಯಿಲೆಗಿಂತ ಕಷ್ಟವೆಂದು ಆಮೇಲೆ ತಿಳಿಯಿತು.

ನಮ್ಮ ಯಜಮಾನರ ಸ್ನೇಹಿತರೊಬ್ಬರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾಗಿ ವಾಡಿಯಲ್ಲೇ ಇದ್ದಾರೆ. ವಾಡಿ ಜಂಕ್ಷನ್ನಿನ ಕೂಸು ಅತ್ತರೂ ಗಾಡಿಯ ಸದ್ದಿಗೆ ತಾಳ ಹಾಕಿ ಅಳುತ್ತದೆ. ಇನ್ನು ಇವರು ಗಾರ್ಡು. ಯಜಮಾನರು ನನ್ನನ್ನು ಒಂದು ಮಾತು ಕೇಳದೆ ಆತನನ್ನು ಮನೆಗೆ ಕರೆಸಿದರು.

ಸೊಲ್ಲಾಪುರದ ಕೋಟೆ, ಪುಣೆಯ ವಾಡೆಗಳು, ಮುಂಬಯಿಯ ಸಮುದ್ರ, ಗುಹೆಗಳು ಎಂದು ನಾನು ಕ್ರಮವಾಗಿ ಹೇಳಿದೆ. ಸಣ್ಣ ಹುಡುಗಿ ಒಪ್ಪಿಸುವ ಪಾಠ ಕೇಳಿದ ಹಾಗೆ ಕೇಳಿ, ಹೋಟಗಿಯನ್ನು ಯಾಕೆ ಬಿಟ್ಟಿರಿ ಎಂದರು. ಹೋಟಗಿಯಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಿದೆ. ಅಲ್ಲಿ ಲೈನು ಒಡೆಯುತ್ತದೆ, ಒಂದು ಹೀಗೆ, ಒಂದು ವಿಜಯಪುರದ ಕಡೆ ಹಾಗೆ, ಎಂದು ಎರಡೂ ಕೈ ಚಾಚಿ ತೋರಿಸಿದರು. ದೌಂಡಿನಲ್ಲಿ ಒಂದೊಪ್ಪತ್ತಾದರೂ ನಿಲ್ಲಬೇಕಂತೆ. ಅಲ್ಲಿಂದ ಮನಮಾಡು ನೋಡಿಕೊಂಡು ಬರಬೇಕಂತೆ. ಒಂದು ಗಂಟೆ ಮಾತಾಡಿದರು. ಆ ಪ್ರವಾಸದಲ್ಲಿ ಪ್ಲಾಟ್‌ಫಾರ್ಮು ಬಿಟ್ಟು ಹೊರಗೆ ಕಾಲಿಡುವ ಸಂದರ್ಭವೇ ಇರಲಿಲ್ಲ.

ಹಲ್ಲು ಕಚ್ಚಿಕೊಂಡು, ಹಾಗಾದರೆ ಮುಂಬಯಿಯಲ್ಲಿ ಏನು ನೋಡುವುದು ಎಂದು ಕೇಳಿದೆ. ಆತ ಬೆರಳು ಮಡಿಚಿ ಸ್ಟೇಷನ್ನುಗಳನ್ನು ಎಣಿಸಿದರು.

"ಕಲ್ಯಾಣ ಜಂಕ್ಷನ್ದಾಗ ಇಳದುಬಿಡ್ರಿ ಮೇಡಂ. ಅಲ್ಲಿಂದ ಮುಂದ ಬರೇ ಮುಂಬಯಿ."

ಮೊದಲೇ ಹೊರಟ ಸೂಟ್‌ಕೇಸು

ನಾನು ಶುಕ್ರವಾರದ ಟಿಕೆಟ್ ಮಾಡಿಸಿದೆ. ಚಿಂಚೋಳಿಯಿಂದ ಫೋನು ಬಂತು. ಚಿಂಚೋಳಿಗೆ ರೈಲಿಲ್ಲ. ಆದರೆ ಅಲ್ಲಿ ನಮ್ಮ ಯಜಮಾನರ ಅಕ್ಕ ಇದ್ದಾರೆ, ರೈಲು ಯಾವ ದಿನ ಹತ್ತಬೇಕೆಂದು ಆಕೆ ಅಲ್ಲಿಂದಲೇ ಹೇಳುತ್ತಾರೆ. ಶುಕ್ರವಾರ ಪಶ್ಚಿಮಕ್ಕೆ ಹೊರಡಲೇಬಾರದಂತೆ. ಟಿಕೆಟ್ ಬದಲಾಯಿಸುವುದಿಲ್ಲ ಎಂದೆ. ಹಾಗಾದರೆ ಪ್ರಸ್ಥಾನ ಇಡಿ ಎಂದರು. ಒಳ್ಳೆಯ ದಿನ ನೋಡಿ ಒಂದು ಚೀಲವನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಅಂದೇ ಶುರುವಾದ ಲೆಕ್ಕ. ಆಮೇಲೆ ನಾವು ಯಾವಾಗ ಹೋದರೂ ದೋಷವಿಲ್ಲ.

ಪಕ್ಕದ ಖಾಲಾ ಮನೆಯಲ್ಲಿ ಒಂದು ಕೈಚೀಲ ಇಟ್ಟರಾಯಿತು ಎಂದು ನಾನು ಸುಮ್ಮನಾದೆ. ಊರ ಗಡಿ ದಾಟಿದರೆ ಇನ್ನೂ ಚಲೋ ಎಂದು ಅಕ್ಕ ಫೋನಿನಲ್ಲೇ ತಮ್ಮನ ಕಿವಿಯಲ್ಲಿ ಹೇಳಿದ್ದು ನನಗೆ ತಿಳಿಯಲಿಲ್ಲ. ಬುಧವಾರ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ, ಇಸ್ತ್ರಿ ಮಾಡಿ ಮಡಿಚಿಟ್ಟ ನನ್ನ ಸೀರೆಗಳ ಸಮೇತ ಸೂಟ್‌ಕೇಸು ಚಿತ್ತಾಪುರಕ್ಕೆ ಹೋಗಿತ್ತು. ಅಲ್ಲಿ ಯಜಮಾನರ ಚಿಕ್ಕಪ್ಪನ ಮಗ ಇದ್ದಾನೆ. ಹೇಗೂ ದಾರಿಯಲ್ಲೇ ಬರುವ ಊರು, ಗಾಡಿ ನಿಂತಾಗ ಕಿಟಕಿಯಲ್ಲಿ ಕೊಡುತ್ತಾನೆ ಎಂದರು ಯಜಮಾನರು.

ಶುಕ್ರವಾರ ಗಾಡಿ ಚಿತ್ತಾಪುರದಲ್ಲಿ ನಿಂತಿತು. ಮೈದುನ ಪ್ಲಾಟ್‌ಫಾರ್ಮಿನಲ್ಲಿ ನಗುತ್ತ ನಿಂತಿದ್ದ. ಎರಡೂ ಕೈ ಖಾಲಿ. ಸೂಟ್‌ಕೇಸು ಎಲ್ಲಿ ಎಂದೆ.

"ಹೊಂಟ ಸಾಮಾನು ನಡುವ ಕುಂದರಬಾರದು ವೈನಿ. ನಮ್ಮ ಪೈಕಿ ಒಬ್ರು ನಿನ್ನಿ ಸೊಲ್ಲಾಪುರಕ್ಕ ಹೊಂಟಿದ್ರು, ಕೊಟ್ಟು ಕಳಿಸೀನಿ. ನನ್ನ ಮಗಳ ಮನ್ಯಾಗ ಅದ. ನೀವೂ ಅಲ್ಲೇ ಇಳಕೊಳ್ರಿ, ಅಡಗಿ ಮಾಡಾಕತ್ಯಾಳ."

ನಾನು ಗೊತ್ತುಮಾಡಿದ ಲಾಡ್ಜು ಹೋಯಿತು. ಕೋಟೆ ನೋಡುವ ಸಂಜೆಯೂ ಊಟದಲ್ಲಿ ಮುಗಿಯುವುದು ಖಚಿತವಾಯಿತು. ನನ್ನ ಸೀರೆಗಳು ಮಾತ್ರ ನನಗಿಂತ ಒಂದು ದಿನ ಮೊದಲು ಸೊಲ್ಲಾಪುರ ನೋಡಿದವು.

ನಾಲ್ಕನೆಯವರು

ಅಷ್ಟರಲ್ಲಿ ನಾವು ಇಬ್ಬರೇ ಉಳಿದಿರಲಿಲ್ಲ. ಗುರುವಾರ ಸಂಜೆಯೇ ಅಕ್ಕ ಚಿಂಚೋಳಿ ಬಸ್ಸಿನಲ್ಲಿ ಬಂದಿಳಿದಿದ್ದರು, ಗಂಟುಮೂಟೆ ಸಮೇತ. ಯಜಮಾನರು ಆಕೆಗೂ ಗುಟ್ಟಾಗಿ ಟಿಕೆಟ್ ಮಾಡಿಸಿದ್ದರು. ನಾನು ಸಿಟ್ಟು ನುಂಗಿಕೊಂಡೆ. ಕಿಟಕಿ ಪಕ್ಕದ ಸೀಟು ಇನ್ನೂ ನನ್ನದೇ ಆಗಿತ್ತು, ಅದೊಂದನ್ನು ನಾನು ಯಾರಿಗೂ ಬಿಡುವವಳಲ್ಲ.

ಚಿತ್ತಾಪುರ ಬಿಟ್ಟ ಮೇಲೆ ಅಕ್ಕನಿಗೆ ಹೊಳೆಯಿತು, ನಾವು ಮೂವರು ಎಂದು. ಮೂರು ಮಂದಿ ಕೂಡಿ ಹೊರಡಬಾರದು. ಹೊರಟರೆ ನಾಲ್ಕನೆಯವರೆಂದು ಒಂದು ಕಲ್ಲನ್ನಾದರೂ ಜೊತೆಗೆ ಒಯ್ಯಬೇಕು. ಇದು ನಮ್ಮ ಕಡೆ ಎಲ್ಲರೂ ಮಾಡುವುದೇ. ದಾರಿಯಲ್ಲಿ ಸಿಕ್ಕ ಹರಳೊಂದನ್ನು ಸೆರಗಿಗೆ ಕಟ್ಟಿಕೊಂಡರೆ ಮುಗಿಯಿತು. ಆದರೆ ಅಕ್ಕ ಶಹಾಬಾದದಲ್ಲಿರುವ ಅಳಿಯನಿಗೆ ಫೋನ್ ಮಾಡಿ ಕಲ್ಲು ತರಲು ಹೇಳಿದರು. ಆ ಅಳಿಯನದು ಪಾಲಿಶ್ ಕಲ್ಲಿನ ಕಾರ್ಖಾನೆ. ಅತ್ತೆ ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು.

ಶಹಾಬಾದದಲ್ಲಿ ಇಬ್ಬರು ಆಳುಗಳು ಒಂದು ಫರಸಿ ಚಪ್ಪಡಿಯನ್ನು ಹೊತ್ತು ನಮ್ಮ ರೈಲು ಡಬ್ಬಿಯೊಳಗೆ ಬಂದರು. ಕನ್ನಡಿಯಂತೆ ಹೊಳೆಯುವ ಕಲ್ಲು, ಮೂಲೆ ಉಜ್ಜಿ ನುಣುಪು ಮಾಡಿದ್ದು, ನಡುವೆ ಕುಂಕುಮ. ಹರಳು ಸಾಕಾಗಿತ್ತು ಎಂದು ನಾನು ಕೂಗಿ ಹೇಳಿದೆ. ಕೆಳಗೆ ನಿಂತ ಅಳಿಯನಿಗೆ ಬೇಸರವಾಯಿತು.

"ನಿಮಗ ಹಾದಿ ಮ್ಯಾಗಿನ ಹಳ್ಳು ಕೊಡಲೇನ್ರಿ? ನಾಳಿ ಶಹಾಬಾದದ ಮಂದಿ ನನ್ನ ಮಾರಿ ಮ್ಯಾಲ ನಗತಾರ."

ಗಾಡಿ ಹೊರಟಿತು. ಕಲ್ಲು ಸೀಟುಗಳ ನಡುವಿನ ದಾರಿಯಲ್ಲಿ ಮಲಗಿತು. ಕಲಬುರಗಿಯಲ್ಲಿ ಹತ್ತಿದವರೆಲ್ಲ ಅದನ್ನು ಎಡವಿ, ನನ್ನನ್ನು ನೋಡಿ ಮುಂದೆ ಹೋದರು. ಆಮೇಲೆ ಟಿಕೆಟ್ ಪರೀಕ್ಷಿಸುವವರು ಬಂದರು. ನಮ್ಮ ಕಡೆಯವರೇ, ಬಾಯಲ್ಲಿ ಎಲೆಅಡಿಕೆ. ಇದು ಯಾರದೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, ಅದು ನಮ್ಮೊಡನೆ ಬಂದ ನಾಲ್ಕನೆಯವರು ಎಂದರು.

ಟಿಕೆಟ್ಟುಗಳಲ್ಲಿ ಮೂರೇ ಹೆಸರು. ಆ ಕ್ಷಣಕ್ಕೆ ನನಗೆ ಎಷ್ಟೋ ದಿನದ ಮೇಲೆ ಸಂತೋಷವಾಯಿತು. ಕಡೆಗೂ ಕಾಯಿದೆ ಬಲ್ಲ ಒಬ್ಬ ಮನುಷ್ಯ ಸಿಕ್ಕ. ಎದ್ದು ನಿಂತು, ಯಾರ ಮುಲಾಜೂ ನೋಡಬೇಡಿ, ನಿಯಮದಂತೆ ಏನು ಮಾಡಬೇಕೋ ಮಾಡಿ ಎಂದೆ.

ಆತ ಕಲ್ಲನ್ನು ನೋಡಿದರು, ಕುಂಕುಮ ನೋಡಿದರು, ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. ಮೂವರೇ ಹೊರಟದ್ದೇ ಎಂದು ಕೇಳಿದರು. ಹೌದೆಂದೆವು.

"ಹಂಗಾದ್ರ ಕಲ್ಲು ಬೇಕೇ ಬೇಕ್ರಿ. ಆದ್ರ ಕುಂಕುಮ ಹಚ್ಚಿದ್ದು, ಮಂದಿ ಕಾಲಾಗ ಬಿಡಬಾರದು." ಆಮೇಲೆ ಕಲ್ಲಿನತ್ತ ಕೈ ತೋರಿ ನನ್ನ ಕಡೆ ತಿರುಗಿದರು. "ನಿಯಮ ಕೇಳಿದ್ರಲ್ಲ ಮೇಡಂ, ಹೇಳತೀನಿ. ನಿಮ್ಮ ನಾಲ್ಕೂ ಮಂದ್ಯಾಗ ಇವ್ರೇ ಹಿರೇರು ಕಾಣಸ್ತಾರ. ಕಿಟಕಿ ಕಡಿ ಇವ್ರನ್ನ ಕುಂದ್ರಸ್ರಿ."

ಸೊಲ್ಲಾಪುರದವರೆಗೂ ಅವರು ಕಿಟಕಿ ಪಕ್ಕ ಕೂತರು. ಬೀಳದ ಹಾಗೆ ನಾನು ಹಿಡಿದುಕೊಂಡಿದ್ದೆ.