ವೀರಭದ್ರಪ್ಪನವರ ಧೈರ್ಯವಾಣಿ

ಭಾನುವಾರ ಬೆಳಿಗ್ಗೆ ಮುರಿಗೇಂದ್ರ ತನ್ನ ಅಕ್ಕನ ಮನೆಯ ನಡುಮನೆಯಲ್ಲಿ ಖಾಕಿ ಟೋಪಿ ಹಾಕಿಕೊಂಡು ನಿಂತು, ಭಾವನ ಕಿವಿಯ ಪಕ್ಕದಲ್ಲೇ ಸೀಟಿ ಊದಿದ.

“ಏಯ್! ಗಾಡಿ ಪಕ್ಕಕ್ಕೆ ಹಾಕು! ತೆಗಿ ಲೈಸೆನ್ಸು!”

ಕುರ್ಚಿಯಲ್ಲಿ ಕೂತಿದ್ದ ವೀರಭದ್ರಪ್ಪನವರ ಮುಖ ಬಿಳಿಚಿಕೊಂಡಿತು. ಎದುರಿಗಿರುವವನು ಸ್ವಂತ ಬಾಮೈದ, ಟೋಪಿ ಶಾಲೆಯ ನಾಟಕದ್ದು ಎಂದು ಗೊತ್ತಿದ್ದರೂ ಕೈ ಲೈಸೆನ್ಸಿಗಾಗಿ ತಡಕಾಡಿತು. ಆಗ ಅವರ ಅಂಗಿಯ ಜೇಬಿನಿಂದ ಒಂದು ಧ್ವನಿ ಎದ್ದಿತು ನೋಡಿ! ಗೋಡೆಯ ಮೇಲಿನ ಕ್ಯಾಲೆಂಡರ್ ಅಲ್ಲಾಡುವಂಥ ಧ್ವನಿ!

“ನಮಸ್ಕಾರ ಸಾರ್! ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಲೈಸೆನ್ಸ್ ತೋರಿಸುವುದು ನನ್ನ ಕರ್ತವ್ಯ. ಗಾಡಿ ನಿಲ್ಲಿಸಿದ ಕಾರಣ ಕೇಳುವುದು ನನ್ನ ಹಕ್ಕು. ತಪ್ಪಿದ್ದರೆ ದಂಡ ಹಾಕಿ, ರಸೀದಿ ಕೊಡಿ. ಕೀಲಿಗೆ ಮಾತ್ರ ಕೈ ಹಾಕಬೇಡಿ!”

ಸರ್ವಮಂಗಳ ಅಡುಗೆಮನೆಯಿಂದ ಸೌಟು ಹಿಡಿದು ಓಡಿಬಂದಳು. “ಯಾರೋ ಬಂದಿದ್ದು?”

“ಯಾರೂ ಇಲ್ಲಕ್ಕ. ಮಾತಾಡಿದ್ದು ಭಾವಾನೇ!”

“ನಿಮ್ಮ ಭಾವ ಇಷ್ಟು ಜೋರಾಗಿ ಮಾತಾಡಿದ್ದನ್ನ ನಾನು ಈ ಇಪ್ಪತ್ತೆರಡು ವರ್ಷದಲ್ಲಿ ಕೇಳಿಲ್ಲ ಕಣೋ.”

“ಬಚ್ಚಲುಮನೇಲಿ ಹಾಡೋದನ್ನ ಕೇಳಿಲ್ವಾ? ಮೂರು ದಿನ ಬಾಗಿಲ ಹಿಂದೆ ಮೈಕ್ ಇಟ್ಟು ಆ ಧ್ವನೀನ ಹಿಡಿದು ಜೇಬಿನ ಡಬ್ಬಿಗೆ ತುಂಬಿಸಿದ್ದೀನಿ. ಮಣಿಕಟ್ಟಿನ ಪಟ್ಟಿಗೆ ಎದೆಬಡಿತ ಜೋರಾದದ್ದು ತಿಳಿದ ಕೂಡಲೇ ಭಾವನ ಬದಲು ಇದು ಮಾತಾಡುತ್ತೆ. ಇದರ ಹೆಸರು ಧೈರ್ಯವಾಣಿ!”

ಮುರಿಗೇಂದ್ರ ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದಲ್ಲಿ ಸಹಾಯಕ. ಅವನು ಮುಟ್ಟಿದ್ದೆಲ್ಲ ಮುರಿಯುತ್ತದೆ, ಅದಕ್ಕೇ ಅಪ್ಪ ಆ ಹೆಸರಿಟ್ಟಿದ್ದಾರೆ ಎಂದು ಹುಲಿಕೆರೆ ಪಟ್ಟಣದಲ್ಲಿ ಮಾತಿತ್ತು. ಆದರೆ ವೀರಭದ್ರಪ್ಪನವರಿಗೆ ಬೇರೆ ದಾರಿಯಿರಲಿಲ್ಲ. ಹೆಸರಿಗೆ ವೀರಭದ್ರ, ಖಾಕಿ ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ಲೈಸೆನ್ಸ್, ವಿಮೆ, ಹೊಗೆ ತಪಾಸಣೆಯ ಚೀಟಿ ಎಲ್ಲವೂ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿದ್ದವು, ತಲೆಯ ಮೇಲೆ ಹೆಲ್ಮೆಟ್ ಇತ್ತು. ಆದರೂ ಕಂಬದ ಸರ್ಕಲ್ಲಿನಲ್ಲಿ ಪೊಲೀಸರನ್ನು ಕಂಡೊಡನೆ ಸ್ಕೂಟರನ್ನು ಗಕ್ಕನೆ ತಿರುಗಿಸಿ, ಕೆರೆ ಏರಿಯ ಮೇಲೆ ನಾಲ್ಕು ಕಿಲೋಮೀಟರ್ ಸುತ್ತಿ ಕಚೇರಿ ಸೇರುತ್ತಿದ್ದರು. ಹಾಗೆ ತಿರುಗಿಸುವಾಗ ಒಮ್ಮೆ ಬದನೆಕಾಯಿ ರಾಶಿಯೊಳಕ್ಕೇ ನುಗ್ಗಿದ್ದರು. ಅವರು ಗುಮಾಸ್ತರಾಗಿದ್ದ ಸಹಕಾರ ಸಂಘದ ಕಾರ್ಯದರ್ಶಿ ಪುಟ್ಟಮಾದಯ್ಯ ಈಗಾಗಲೇ ಎರಡು ನೋಟಿಸು ಕೊಟ್ಟಿದ್ದರು. ಇನ್ನೊಂದು ಸಲ ತಡವಾದರೆ ಕೆಲಸದಿಂದ ಅಮಾನತು!

ಸೋಮವಾರ ಅವರು ಧೈರ್ಯವಾಣಿಯ ಪಟ್ಟಿಯನ್ನು ಮಣಿಕಟ್ಟಿಗೆ ಬಿಗಿದು, ಡಬ್ಬಿಯನ್ನು ಜೇಬಿಗಿಳಿಸಿ, ಮನೆದೇವರನ್ನು ನೆನೆದು ನೇರವಾಗಿ ಸರ್ಕಲ್ಲಿಗೆ ಹೊರಟರು. ಮುಖ್ಯಪೇದೆ ನಿಂಗೇಗೌಡ ಸ್ಕೂಟರನ್ನು ಕಂಡದ್ದೇ ಕೈ ಅಡ್ಡ ಹಿಡಿದ.

“ಓಹೋ! ದಿನಾ ನನ್ನ ನೋಡಿ ವಾಪಸ್ ಓಡೋರು ನೀವೇ ಅಲ್ವಾ? ಏನ್ರೀ ಸಾಗಿಸ್ತಿದ್ದೀರಾ ಗಾಡೀಲಿ?”

ವೀರಭದ್ರಪ್ಪನವರು ಬಾಯಿ ತೆರೆಯದೆ ಕಾಗದದ ಕವರನ್ನು ಚಾಚಿದರು. ಜೇಬು ಗುಡುಗಿತು. ಕರ್ತವ್ಯ, ಹಕ್ಕು, ರಸೀದಿ, ಕೀಲಿ ಎಲ್ಲವೂ ಬಚ್ಚಲುಮನೆಯ ಗುಂಯ್‌ಕಾರದೊಂದಿಗೆ ಹೊರಬಂದವು. ನಿಂಗೇಗೌಡ ವೀರಭದ್ರಪ್ಪನವರ ಮುಚ್ಚಿದ ತುಟಿಗಳನ್ನೊಮ್ಮೆ, ಜೇಬನ್ನೊಮ್ಮೆ ನೋಡಿದ. ಕಾಗದಗಳನ್ನು ತಿರುವಿದ. ತಪ್ಪು ಹುಡುಕಿದರೂ ಸಿಗಲಿಲ್ಲ.

“ಎಲ್ಲಾ ಸರಿಯಾಗೇ ಇದೆಯಲ್ರೀ! ಮತ್ಯಾಕೆ ಓಡ್ತಿದ್ರಿ? ಹೋಗಿ, ಹೋಗಿ. ಗಂಟಲಿಗೆ ಏನಾದ್ರೂ ಔಷಧಿ ತಗೊಳ್ಳಿ, ಪಾತಾಳದಿಂದ ಬಂದಂಗಿದೆ ಧ್ವನಿ.”

ಅಷ್ಟೇ! ವೀರಭದ್ರಪ್ಪನವರಿಗೆ ಸ್ಕೂಟರು ನೆಲ ಬಿಟ್ಟು ಮೇಲೆ ಹೋದಂತಾಯಿತು. ಹತ್ತು ನಿಮಿಷ ಮೊದಲೇ ಕಚೇರಿಯಲ್ಲಿದ್ದರು.

ಸಂತೋಷ ಬಾಳಿದ್ದು ಹನ್ನೊಂದು ಗಂಟೆಯವರೆಗೆ. ಪುಟ್ಟಮಾದಯ್ಯ ಬಂದು ಮೇಜು ಗುದ್ದಿದರು. “ಸದಸ್ಯರ ಪಟ್ಟಿ ಎಲ್ರೀ? ಆ ಬೀರುವಿನ ಕೀಲಿ ಕೊಡಿ ಇಲ್ಲಿ!”

“ಕೀಲಿಗೆ ಕೈ ಹಾಕಬೇಡಿ!” ಎಂದಿತು ಜೇಬು. “ನೀವು ಸಮವಸ್ತ್ರದಲ್ಲಿಲ್ಲ! ನಿಮ್ಮ ಹೆಸರು, ನಂಬರ್ ಹೇಳಿ!”

“ನನ್ನ ಹೆಸರಾ? ಹದಿನಾಲ್ಕು ವರ್ಷದಿಂದ ನನ್ನ ಕೈಕೆಳಗೆ ಇದ್ದೀರಿ, ನನ್ನ ಹೆಸರು ಗೊತ್ತಿಲ್ವಾ?”

“ಸಾರ್, ನಾನಲ್ಲ...” ಎಂದು ವೀರಭದ್ರಪ್ಪನವರು ತೊದಲಿದರು. ಹೆದರಿಕೆ ಹೆಚ್ಚಿದಷ್ಟೂ ಯಂತ್ರದ ಹುರುಪು ಹೆಚ್ಚಿತು. “ನಿಲ್ಲಿಸಿದ ಕಾರಣ ತಿಳಿಸಿ! ಕಾರಣವಿಲ್ಲದಿದ್ದರೆ ದಾರಿ ಬಿಡಿ!”

ಪುಟ್ಟಮಾದಯ್ಯ ನಿಜವಾಗಿಯೂ ದಾರಿ ಬಿಟ್ಟು, ಮೂರನೆಯ ನೋಟಿಸು ಬರೆಯಲು ತಮ್ಮ ಕೋಣೆಗೆ ಹೋದರು.

ಮನೆಯಲ್ಲಿ ಇನ್ನೊಂದು ರಾದ್ಧಾಂತ. ವೀರಭದ್ರಪ್ಪನವರಿಗೆ ಸಕ್ಕರೆ ಕಾಯಿಲೆ. ಕರಿದದ್ದು, ಸಿಹಿ ಎರಡೂ ವರ್ಜ್ಯ. ದುಃಖ ತಡೆಯಲಾರದೆ ಅವತ್ತು ದಾರಿಯಲ್ಲಿ ಬೋಂಡ ಕಟ್ಟಿಸಿಕೊಂಡಿದ್ದರು. ಸರ್ವಮಂಗಳ ಬಾಗಿಲಲ್ಲೇ ಮೂಗರಳಿಸಿ, “ಏನ್ರೀ ವಾಸನೆ? ಆ ಚೀಲ ತೆಗೀರಿ!” ಎಂದಳು.

“ತಪಾಸಣೆಗೆ ಕಾರಣ ತಿಳಿಸಿ! ವಶಪಡಿಸಿಕೊಂಡ ವಸ್ತುವಿಗೆ ರಸೀದಿ ಕೊಡಿ!”

ಸರ್ವಮಂಗಳ ಸೊಂಟಕ್ಕೆ ಕೈ ಕೊಟ್ಟು ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ಬರೆದುಕೊಟ್ಟಳು: ‘ವಶಕ್ಕೆ ಪಡೆದದ್ದು: ಬೋಂಡ, ನಾಲ್ಕು. ಕಾರಣ: ಸಕ್ಕರೆ ಕಾಯಿಲೆ. ಸಹಿ: ಸರ್ವಮಂಗಳ.’ ಆಮೇಲೆ ನಾಲ್ಕನ್ನೂ ಅವರೆದುರಿಗೇ ಕೂತು ತಿಂದಳು!

“ಪಟ್ಟಿಯದೇ ತೊಂದರೆ,” ಎಂದ ಮುರಿಗೇಂದ್ರ, ಸ್ವಲ್ಪವೂ ನಾಚದೆ. “ಚಿಕ್ಕಪುಟ್ಟ ಹೆದರಿಕೆಗೂ ಎಚ್ಚರ ಆಗ್ತಿದೆ. ಪಟ್ಟಿ ತೆಗೆದುಹಾಕ್ತೀನಿ. ಇನ್ಮೇಲೆ ಖಾಕಿ ಕಂಡಾಗಿನಷ್ಟು ಜೋರು ಹೆದರಿಕೆ ಆದ್ರೆ ಮಾತ್ರ ಬಾಯಿ ಬಿಡುತ್ತೆ. ಎದೆಬಡಿತ ಗಾಳೀಲೇ ಹಿಡಿಯುತ್ತೆ! ನಿಮ್ಮ ಕಚೇರಿ ಗಲಾಟೆಗೂ ಬೇಕಾಗುತ್ತೆ ಅಂತ ನೌಕರರ ನಿಯಮಾವಳೀನೂ ಪೂರ್ತಿ ತುಂಬಿಸಿದ್ದೀನಿ.”

“ಗಾಳೀಲಿ ಯಾರ ಎದೆಬಡಿತ ಅಂತ ಅದಕ್ಕೆ ಹೇಗೋ ಗೊತ್ತಾಗುತ್ತೆ?” ಎಂದಳು ಸರ್ವಮಂಗಳ.

“ಅಕ್ಕ, ಪೊಲೀಸರ ಮುಂದೆ ಭಾವನಿಗಿಂತ ಜಾಸ್ತಿ ಹೆದರೋರು ಯಾರಿದ್ದಾರೆ?”

ಈ ಪ್ರಶ್ನೆಗೆ ಮಂಗಳವಾರ ಬೆಳಿಗ್ಗೆ ಉತ್ತರ ಸಿಕ್ಕಿತು. ಸರ್ಕಲ್ಲಿನಲ್ಲಿ ಜೀಪು ನಿಂತಿತ್ತು. ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದಿದ್ದರು. ನಿಂಗೇಗೌಡ ಬೆವರುತ್ತ, ಎದುರಿಗೆ ಬಂದ ಗಾಡಿಯನ್ನೆಲ್ಲ ನಿಲ್ಲಿಸುತ್ತಿದ್ದ. ವೀರಭದ್ರಪ್ಪನವರು ಒಮ್ಮೆ ಗೆದ್ದವರಲ್ಲವೆ? ತಾವಾಗಿಯೇ ನಿಂತು, ತಾವಾಗಿಯೇ ಕಾಗದ ಚಾಚಿದರು. ಎದೆ ನೆಟ್ಟಗೆ, ತಣ್ಣಗೆ ಬಡಿಯುತ್ತಿತ್ತು.

“ಏನ್ರೀ ನಿಂಗೇಗೌಡ!” ಇನ್ಸ್‌ಪೆಕ್ಟರ್ ಹಿಂದಿನಿಂದ ಗದರಿದರು. “ಬೆಳಿಗ್ಗೆಯಿಂದ ಬರೀ ಮೂರೇ ಕೇಸು! ನಿದ್ದೆ ಮಾಡ್ತಿದ್ದೀರೇನ್ರೀ?”

ನಿಂಗೇಗೌಡನ ಎದೆ ನಗಾರಿಯಂತೆ ಬಡಿದುಕೊಂಡಿತು. ವೀರಭದ್ರಪ್ಪನವರ ಜೇಬು ಅದನ್ನು ಕೇಳಿಸಿಕೊಂಡಿತು.

“ನಮಸ್ಕಾರ ಸಾರ್! ವಾರಕ್ಕೊಂದು ರಜೆ ನೌಕರನ ಹಕ್ಕು! ಕೊಡದಿದ್ದರೆ ಕಾರಣವನ್ನು ಬರಹದಲ್ಲಿ ಕೊಡಿ! ಬಿಸಿಲಿನಲ್ಲಿ ನಿಲ್ಲಿಸಿದರೆ ನೆರಳು, ನೀರು ಒದಗಿಸಿ!”

ಆಟೋಗಳು ನಿಂತವು. ಹೂ ಮಾರುವಾಕೆ ಮೊಳ ಹಾಕುವುದನ್ನು ಬಿಟ್ಟಳು.

“ಯಾರದು ಮಾತಾಡಿದ್ದು?” ಎಂದರು ಇನ್ಸ್‌ಪೆಕ್ಟರ್. “ನೀವೇನ್ರೀ?”

“ಇಲ್ಲ ಸಾರ್! ಐದು ವಾರದಿಂದ ರಜ ಇಲ್ಲ ಸಾರ್, ಆದ್ರೂ ನಾನು ಕೇಳಿಲ್ಲ ಸಾರ್!” ನಿಂಗೇಗೌಡನ ಕಣ್ಣಲ್ಲಿ ನೀರು ತುಂಬಿತ್ತು.

ಅವನ ನಡುಗುವ ಕೈಗಳನ್ನು ವೀರಭದ್ರಪ್ಪನವರು ನೋಡಿದರು. ಅವು ಅವರಿಗೆ ಚೆನ್ನಾಗಿ ಪರಿಚಯವಿದ್ದ ಕೈಗಳು. ದಿನವೂ ಸ್ಕೂಟರಿನ ಹ್ಯಾಂಡಲ್ ಮೇಲೆ ಕಾಣುತ್ತಿದ್ದಂಥವು. ಸುಮ್ಮನೆ ಕಾಗದ ಮಡಿಸಿಕೊಂಡು ಹೊರಟುಬಿಡಬಹುದಿತ್ತು. ತಡವಾದರೆ ಅಮಾನತು ಬೇರೆ ಕಾದಿತ್ತು. ಆದರೆ ಕಾಲು ಏಳಲಿಲ್ಲ.

“ನಾನು ಸಾರ್,” ಎಂದರು. ಈ ಸಲ ಸ್ವಂತ ಧ್ವನಿ, ತೆಳ್ಳಗೆ, ಸೊಳ್ಳೆಯಂತೆ. “ನನ್ನ ಜೇಬಲ್ಲಿ ಯಂತ್ರ ಇದೆ. ಮಾತಾಡಿದ್ದು ಅದು. ಗೌಡರದೇನೂ ತಪ್ಪಿಲ್ಲ. ಆದ್ರೆ... ಅದು ಹೇಳಿದ್ದರಲ್ಲೂ ತಪ್ಪಿಲ್ಲ ಸಾರ್.”

“ತೆಗೀರಿ ಅದನ್ನ!” ಇನ್ಸ್‌ಪೆಕ್ಟರ್ ಡಬ್ಬಿಯನ್ನು ಕೈಗೆ ತೆಗೆದುಕೊಂಡರು. ಅಷ್ಟರಲ್ಲಿ ಅವರ ಮೊಬೈಲ್ ಬಡಿದುಕೊಂಡಿತು. ಪರದೆಯ ಮೇಲಿನ ಹೆಸರು ನೋಡಿದ ಕೂಡಲೇ ಸಾಹೇಬರು ರಸ್ತೆಯ ನಡುವೆಯೇ ಅಟೆನ್ಷನ್‌ನಲ್ಲಿ ನಿಂತರು. ಜಿಲ್ಲೆಯ ದೊಡ್ಡ ಸಾಹೇಬರ ಫೋನು! “ಸಾರ್...” ಎನ್ನುವಷ್ಟರಲ್ಲಿ ಡಬ್ಬಿ ಗುಡುಗಿತು.

“ನಮಸ್ಕಾರ ಸಾರ್! ಕಾರಣ ಮೊದಲು ತಿಳಿಸಿ! ವಾರಕ್ಕೊಂದು ರಜೆ ನೌಕರನ ಹಕ್ಕು!”

ಇನ್ಸ್‌ಪೆಕ್ಟರ್ ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿದರು, ಜೀಪಿನ ಸೀಟಿನಡಿ ತುರುಕಿದರು, ಅದರ ಮೇಲೆ ಕೂತರು. ಅದು ಸೀಟಿನಡಿಯಿಂದ ನಿಯಮಾವಳಿಯ ಎರಡನೆಯ ಅಧ್ಯಾಯ ಶುರುಮಾಡಿತು. ಕೊನೆಗೆ ಫೋನಿನಿಂದ ದೊಡ್ಡ ಸಾಹೇಬರ ಮೆಲ್ಲನೆಯ ಮಾತು ಕೇಳಿಬಂತು.

“ರೀ, ಅದೇನ್ರೀ ಅದು? ಗುರುವಾರ ರಾಜಧಾನೀಲಿ ನನಗೊಂದು ಮೀಟಿಂಗಿದೆ. ಅದನ್ನ ಇವತ್ತೇ ಇಲ್ಲಿಗೆ ಕಳಿಸಿಕೊಡಿ!”

ಕಚೇರಿಗೆ ಮುಕ್ಕಾಲು ಗಂಟೆ ತಡವಾಗಿ ಬಂದ ವೀರಭದ್ರಪ್ಪನವರನ್ನು ಪುಟ್ಟಮಾದಯ್ಯ ಬಾಗಿಲಲ್ಲೇ ತಡೆದರು. “ತಡ ಯಾಕ್ರೀ?”

ಜೇಬು ಖಾಲಿಯಿತ್ತು. ವೀರಭದ್ರಪ್ಪನವರೇ ಬಾಯಿ ಬಿಟ್ಟರು. “ಒಬ್ಬರಿಗೆ ತೊಂದರೆ ಆಗೋದರಲ್ಲಿತ್ತು ಸಾರ್, ನಿಂತು ಮಾತಾಡಿದೆ. ನೋಟಿಸು ಕೊಡೋದಾದ್ರೆ ಕೊಡಿ, ಉತ್ತರ ಬರೀತೀನಿ.”

ಪುಟ್ಟಮಾದಯ್ಯ ಆಚೀಚೆ ನೋಡಿ, ಮೂರನೆಯ ನೋಟಿಸನ್ನು ಜೇಬಿಗಿಟ್ಟುಕೊಂಡು ದನಿ ತಗ್ಗಿಸಿದರು. “ಅದಿರ್ಲಿ. ಸರ್ಕಲ್ಲಿನ ಸುದ್ದಿ ಆಗಲೇ ಇಲ್ಲಿಗೂ ಬಂತು. ಆ ನಿಮ್ಮ ಯಂತ್ರ ನಾಳೆ ಒಂದು ದಿನ ಸಿಗುತ್ತಾ? ಅಧ್ಯಕ್ಷರು ಬರ್ತಿದ್ದಾರೆ.”

ಹದಿನೈದು ದಿನ ಕಳೆಯಿತು. ಸರ್ಕಲ್ಲಿನಲ್ಲಿ ದೊಡ್ಡ ಛತ್ರಿ ಬಂತು, ನೀರಿನ ಹೂಜಿ ಬಂತು. ವಾರದ ರಜೆ ಮುಗಿಸಿ ಬಂದ ನಿಂಗೇಗೌಡ ಒಂದು ದಿನ ವೀರಭದ್ರಪ್ಪನವರನ್ನು ಕೂಗಿ ನಿಲ್ಲಿಸಿದ. ಹಣೆಗೆ ಹೊಸ ವಿಭೂತಿ ಇತ್ತು. ಮಗಳನ್ನು ನೋಡಿಕೊಂಡು ಬಂದಿದ್ದನಂತೆ. ಎರಡು ಬಾಳೆಹಣ್ಣು ಕೊಟ್ಟ.

“ಗೌಡ್ರೇ, ನಮ್ಮ ಬಾಮೈದ ದಿನಾ ಕೇಳ್ತಾನೆ,” ಎಂದರು ವೀರಭದ್ರಪ್ಪನವರು. “ಆ ಡಬ್ಬಿ ವಾಪಸ್ ಬರೋದು ಯಾವಾಗ?”

“ಜಿಲ್ಲೆ ದಾಟಿ, ರಾಜಧಾನಿ ಸೇರಿ, ಅಲ್ಲೂ ಮೇಲಿನವರ ಹತ್ರ ಹೋಯ್ತಂತೆ. ಅವರು ಅವರ ಮೇಲಿನವರ ಮುಂದೆ ಹೋಗುವಾಗ ಇಸ್ಕೊಂಡ್ರಂತೆ.” ನಿಂಗೇಗೌಡ ಸೀಟಿಯನ್ನು ಅಂಗಿಗೆ ಒರೆಸಿಕೊಂಡ. “ಯಾರಿಗೂ ಹೆದರದೋರು ಒಬ್ರು ಸಿಕ್ಕಿದ ಕೂಡ್ಲೇ ವಾಪಸ್ ಕಳಿಸ್ತಾರಂತೆ, ಸಾರ್.”