ಮೇಷ್ಟ್ರ ತಲೆಯ ಗಂಧಕದ ಕೊಂಡಿಗಳು

ಜನ ಪ್ರೋಟೀನನ್ನು ಬರೀ ತಿನ್ನುವ ಪದಾರ್ಥ ಎಂದುಕೊಂಡಿದ್ದಾರಲ್ಲ ಎಂಬುದು ಮೇಷ್ಟ್ರ ಹಳೆಯ ಕೊರಗು. ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಹೇಳಿಕೊಡುವ ಅವರನ್ನು ದಾರಿಯಲ್ಲಿ ಯಾರಾದರೂ ನಿಲ್ಲಿಸಿ, ಪ್ರೋಟೀನ್ ಯಾವುದರಲ್ಲಿ ಜಾಸ್ತಿ, ಮೊಟ್ಟೆಯಲ್ಲೋ ಬೇಳೆಯಲ್ಲೋ ಎಂದು ಕೇಳಿದರೆ ಸಾಕು, ಮುಖ ಹುಳ್ಳಗಾಗುತ್ತಿತ್ತು. ಕಣ್ಣಿನ ಮಸೂರ ಪ್ರೋಟೀನು, ರಕ್ತದಲ್ಲಿ ಪ್ರಾಣವಾಯು ಹೊರುವ ಕೂಲಿಯಾಳು ಪ್ರೋಟೀನು, ಈ ಪ್ರಶ್ನೆ ಕೇಳಲು ನಿಮ್ಮ ನಾಲಿಗೆಯನ್ನು ಹೊರಳಿಸಿದ್ದೂ ಪ್ರೋಟೀನೇ ಎಂದು ಅವರು ಶುರು ಮಾಡುವಷ್ಟರಲ್ಲಿ ಕೇಳಿದವರು ರಸ್ತೆಯ ಆ ಬದಿ ಸೇರಿರುತ್ತಿದ್ದರು.

ಮನೆಯಲ್ಲಾದರೂ ಕೇಳುವ ಕಿವಿ ಇತ್ತೇ? ಹೆಂಡತಿ ಮುಖ್ಯರಸ್ತೆಯಲ್ಲಿ ಒಂದು ಫೋಟೋ ಸ್ಟುಡಿಯೋ ನಡೆಸುತ್ತಿದ್ದಳು. ಊರಿನ ಅರ್ಧ ಜನರ ಪಾಸ್‌ಪೋರ್ಟಿನ ಮುಖ ಅವಳ ಕೈಯಿಂದಲೇ ದಾಟಿ ಹೋದದ್ದು. ಮೇಷ್ಟ್ರು ಅಮೈನೋ ಆಮ್ಲ ಎಂದು ಬಾಯಿ ತೆರೆದರೆ ಅವಳು ಕಂಪ್ಯೂಟರಿನ ಮುಂದೆ ಕೂತು, ಹೂಂ ಹೂಂ ಎನ್ನುತ್ತಾ, ಯಾರದೋ ಕೆನ್ನೆಯ ಮೊಡವೆ ಅಳಿಸುತ್ತಿದ್ದಳು. (ಆ 'ಹೂಂ' ತನಗೋ ಮೊಡವೆಗೋ ಎಂಬುದು ಮೇಷ್ಟ್ರಿಗೆ ಕೊನೆಯವರೆಗೂ ಇತ್ಯರ್ಥವಾಗಲಿಲ್ಲ.)

ಹೀಗೆ ಸಾಗುತ್ತಿದ್ದ ಸಂಸಾರದೊಳಗೆ ಒಂದು ವರ್ಷ ಕ್ಯಾನ್ಸರ್ ಬಂದು ಕೂತಿತು. ಬಂದದ್ದು ಹೆಂಡತಿಗೆ. ಸ್ಟುಡಿಯೋದ ಬಾಗಿಲು ಮುಚ್ಚಿತು. ಮೇಷ್ಟ್ರು ರಜೆ ಹಾಕಿ ಆಸ್ಪತ್ರೆಯ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಕೂತವರು ಸುಮ್ಮನಿರಬೇಕಲ್ಲ? ನಳಿಗೆಯಲ್ಲಿ ಇಳಿಯುತ್ತಿರುವ ಔಷಧಿ ಒಳಗೆ ಹೋಗಿ ಯಾವ ಪ್ರೋಟೀನಿನ ಕುತ್ತಿಗೆ ಹಿಡಿಯುತ್ತದೆ ಎಂದು ವಿವರಿಸುತ್ತಿದ್ದರು. ಅವಳು ನಿದ್ದೆಗೆ ಜಾರಿದ ಮೇಲೆ, ಹೆದರಿಕೆಯಾದಾಗ ಬೇರೆಯವರು ದೇವರ ಹೆಸರು ಹೇಳುವ ಹಾಗೆ, ಅಮೈನೋ ಆಮ್ಲಗಳ ಹೆಸರು ಹೇಳಿಕೊಳ್ಳುತ್ತಿದ್ದರು: ಗ್ಲೈಸೀನ್, ಅಲನೀನ್, ವ್ಯಾಲೀನ್... ವಾರ್ಡಿನ ಸಿಸ್ಟರ್ ಅದನ್ನು ಏನೋ ಜಪವೆಂದುಕೊಂಡು ಸದ್ದು ಮಾಡದೆ ಓಡಾಡುತ್ತಿದ್ದರು. ಆದರೆ ಜಪ 'ಸಿಸ್ಟೀನ್' ಎಂಬ ಹೆಸರಿಗೆ ಬಂದಾಗಲೆಲ್ಲ ಅವರು ಓಡಿ ಬಂದು, "ಕರೆದ್ರಾ?" ಎಂದು ಕೇಳುತ್ತಿದ್ದರು.

ಕಾಯಿಲೆ ಸೋತಿತು. ಡಾಕ್ಟರು ಇನ್ನು ಭಯವಿಲ್ಲ ಎಂದರು. ಔಷಧಿಗೆ ಪೂರಾ ಉದುರಿದ್ದ ಕೂದಲು ಮತ್ತೆ ಚಿಗುರಿತು. ಇಲ್ಲಿಂದ ಶುರುವಾದದ್ದು ಹೊಸ ತರಲೆ. ಮೊದಲು ಅವಳದು ಹಿಡಿದು ಎಳೆದ ದಾರದಂಥ ಉದ್ದನೆಯ ನೇರ ಕೂದಲು. ಈಗ ಬಂದದ್ದು ಕುರಿಮರಿಯ ಉಣ್ಣೆಯಂತೆ ಗುಂಗುರು ಗುಂಗುರು. ಬಾಚಣಿಗೆ ಒಳಗೆ ಹೋದರೆ ದಾರಿ ತಪ್ಪಿಸಿಕೊಳ್ಳುತ್ತಿತ್ತು.

ಮುಂದಿನ ಸೋಮವಾರ ಸ್ಟುಡಿಯೋ ತೆರೆಯುವುದೆಂದು ನಿಶ್ಚಯವಾಗಿತ್ತು. ಆ ದಿನ ಹತ್ತಿರ ಬಂದಷ್ಟೂ ಅವಳು ಕನ್ನಡಿಯ ಮುಂದೆ ನಿಲ್ಲುವುದು ಹೆಚ್ಚಾಯಿತು. ಕೊನೆಗೊಂದು ದಿನ ಊಟದ ಮೇಜಿನಲ್ಲಿ, ತಟ್ಟೆ ನೋಡುತ್ತಲೇ ಹೇಳಿದಳು: "ಷೋಕೇಸಲ್ಲಿ ನನ್ನ ಹಳೇ ಫೋಟೋ ಇದೆಯಲ್ಲ, ಅವಳು ಬಂದು ಬಾಗಿಲು ತೆಗೀಬೇಕು ರೀ. ಇವಳು ಬಂದ್ರೆ ಜನ ಪಾಪ ಅಂತಾರೆ. ಕಾಯಿಲೆ ತಡ್ಕೊಂಡೆ. 'ಪಾಪ' ತಡ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಕೂದಲು ಮೊದಲಿನಷ್ಟು ಉದ್ದ ಬರಲು ಕಾಲ ಬೇಕು, ಅದು ಅವಳಿಗೂ ಗೊತ್ತಿತ್ತು. ನೇರವಾದರೂ ಆದರೆ ಸಾಕೆಂಬುದು ಅವಳ ಆಸೆ.

ಮೇಷ್ಟ್ರ ಕೈಯ ತುತ್ತು ಅಲ್ಲೇ ನಿಂತಿತು. ಹೆಂಡತಿಗೆ ಒಂದು ಕಷ್ಟ ಬಂದಿದೆ, ಆ ಕಷ್ಟ ಅಪ್ಪಟ ಪ್ರೋಟೀನಿನದು! ಬಾಳಿನಲ್ಲಿ ಇಂಥ ಯೋಗ ಎಷ್ಟು ಜನ ಗಂಡಂದಿರಿಗೆ ಕೂಡಿಬರುತ್ತದೆ? ಕೂದಲು ನೇರ ಮಾಡುವುದೆಂದರೆ ಬ್ಯೂಟಿಪಾರ್ಲರಿನ ಮಂತ್ರವಿದ್ಯೆಯಲ್ಲ, ಗಂಧಕದ ಕೊಂಡಿ ಬಿಚ್ಚಿ ಮತ್ತೆ ಹಾಕುವುದು, ಅಷ್ಟೇ. ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲೇ ಮಾಡಿ ಮುಗಿಸುತ್ತೇನೆ ಎಂದು ಘೋಷಿಸಿದರು. ಡಾಕ್ಟರನ್ನು ಕೇಳಬೇಡವೇ ಎಂದಳು ಹೆಂಡತಿ. ಡಾಕ್ಟರಿಗೆ ಕೂದಲಿನ ಪ್ರೋಟೀನಾದ ಕೆರಾಟಿನ್ ಬಗ್ಗೆ ಏನು ಗೊತ್ತು ಎಂದರು ಮೇಷ್ಟ್ರು.

ಹೆಂಡತಿ ಅವರನ್ನು ಒಮ್ಮೆ ಅಳೆದು ನೋಡಿದಳು. "ಹಾಗಿದ್ರೆ ಮೊದಲು ನಿಮ್ಮ ತಲೆಗೆ ಮಾಡ್ಕೊಳ್ಳಿ. ಅದು ನೇರ ಆದ್ರೆ ನನ್ನ ತಲೆ ಕೊಡ್ತೀನಿ."

ಇಲ್ಲಿ ಮೇಷ್ಟ್ರ ತಲೆಯ ವಿಷಯ ಎರಡು ಮಾತು ಹೇಳಲೇಬೇಕು. ಓರಗೆಯವರ ನೆತ್ತಿಗಳೆಲ್ಲ ಹುಣ್ಣಿಮೆಯಾಗುತ್ತಿದ್ದ ವಯಸ್ಸಿನಲ್ಲೂ ಅವರದು ಒತ್ತಾದ ಅಲೆಅಲೆ ಕೂದಲು. ಸ್ಟಾಫ್ ರೂಮಿನಲ್ಲಿ ಅವರು ಜೇಬಿನಿಂದ ಬಾಚಣಿಗೆ ತೆಗೆದರೆ ಗಣಿತದ ಮೇಷ್ಟ್ರು ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದರು. ಅಂಥ ತಲೆಯನ್ನು ಪಣಕ್ಕಿಡುವುದೆಂದರೆ ಸಣ್ಣ ಮಾತಲ್ಲ. ಆದರೆ ವಿಜ್ಞಾನಿಯಾದವನು ಹಿಂಜರಿಯುವುದುಂಟೇ?

ಭಾನುವಾರ ಅವರು ಹೆಗಲಿಗೆ ಟವೆಲು ಸುತ್ತಿಕೊಂಡು ಸಿಂಕಿನ ಪಕ್ಕ ಕುರ್ಚಿ ಹಾಕಿ ಕೂತರು. ಕೈಯಲ್ಲಿ ಕಂದು ಬಣ್ಣದ ಸೀಸೆ. ಅಂಗಡಿಯಲ್ಲಿ ಸಿಗುವ ದ್ರಾವಣ ಪಾಮರರಿಗೆಂದು ನೀರು ನೀರಾಗಿ ಮಾಡಿದ್ದು ಎಂಬ ಅನುಮಾನದಿಂದ ಅದಕ್ಕೆ ತಮ್ಮ ಲೆಕ್ಕದ ಕ್ಷಾರ ಬೆರೆಸಿ ಗಟ್ಟಿ ಮಾಡಿದ್ದರು. ಮುಚ್ಚಳ ತೆಗೆದದ್ದೇ ಕೊಳೆತ ಮೊಟ್ಟೆಯ ವಾಸನೆ ಅಡುಗೆಮನೆಯಿಂದ ಹೊರಟು ಬೀದಿಬಾಗಿಲು ದಾಟಿತು. ಹೆಂಡತಿ ಮೂಗು ಮುಚ್ಚಿಕೊಂಡು, ಹೆಸರು ಗಂಧಕ, ಗಂಧ ಎಲ್ಲಿದೆ ಎಂದಳು. ಕೈಗೆ ರಬ್ಬರಿನ ಗವಸು ಹಾಕಿಕೊಂಡು ಅವರ ತಲೆಗೆ ದ್ರಾವಣ ಬಳಿದು ಬಾಚಿ ಕೂರಿಸಿದಳು. ಎಷ್ಟು ಹೊತ್ತು ಬಿಡಬೇಕು ಎಂದು ಕೇಳಿದಳು. ಸ್ವಲ್ಪವೇ ಹೊತ್ತು, ತಾನು ಹೇಳಿದಾಗ ತೊಳೆದರಾಯಿತು ಎಂದರು ಮೇಷ್ಟ್ರು.

ಆಮೇಲೆ ಅವಳು ಮದುವೆಯಾದಂದಿನಿಂದ ಕೇಳದೇ ಇದ್ದದ್ದನ್ನು ಕೇಳಿದಳು. "ಈ ಕೊಂಡಿ ಅಂದ್ರೆ ಏನ್ರೀ, ನಿಜವಾಗ್ಲೂ?"

ಮೇಷ್ಟ್ರ ಎದೆ ತುಂಬಿ ಬಂತು. ಅವರು ಆದಿಯಿಂದಲೇ ಹಿಡಿದರು. ಅಮೈನೋ ಆಮ್ಲಗಳೆಂಬ ಇಪ್ಪತ್ತು ಬಗೆಯ ಮಣಿಗಳಿವೆ, ಆ ಮಣಿಗಳನ್ನು ಪೋಣಿಸಿದ ಸರವೇ ಪ್ರೋಟೀನು. ಯಾವ ಮಣಿಯಾದ ಮೇಲೆ ಯಾವ ಮಣಿ ಎಂಬ ಸಾಲು ಹೇಗಿದೆಯೋ ಹಾಗೆ ಸರ ಮಡಚಿಕೊಳ್ಳುತ್ತದೆ; ಹೇಗೆ ಮಡಚಿಕೊಂಡಿತೋ ಹಾಗೆ ಅದರ ಕೆಲಸ. ರಕ್ತದ ಪ್ರೋಟೀನಿನಲ್ಲಿ ಒಂದೇ ಒಂದು ಮಣಿ ಬೇರೆಯಾದರೂ ದುಂಡಗಿನ ರಕ್ತಕಣ ಕುಡುಗೋಲಿನಂತೆ ಬಾಗಿ ಮನುಷ್ಯ ಹಾಸಿಗೆ ಹಿಡಿಯುತ್ತಾನೆ. ಕೂದಲಿನ ಸರದಲ್ಲಿ ಸಿಸ್ಟೀನ್ ಎಂಬ ಮಣಿ ಹೇರಳ. ಅದರ ಮೈಯಲ್ಲಿ ಗಂಧಕ. ಅಕ್ಕಪಕ್ಕದ ಎರಡು ಸರಗಳ ಸಿಸ್ಟೀನುಗಳು ಗಂಧಕದ ಕೈ ಚಾಚಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಆ ಹಿಡಿತ ಇರುವವರೆಗೆ ಗುಂಗುರು ಗುಂಗುರಾಗಿ, ನೇರ ನೇರವಾಗಿ ಉಳಿಯುತ್ತದೆ. ಈ ದ್ರಾವಣ ಕೈ ಬಿಡಿಸುತ್ತದೆ, ಬಾಚಣಿಗೆ ಹೊಸ ಜಾಗಕ್ಕೆ ಕೂರಿಸುತ್ತದೆ, ಇನ್ನೊಂದು ದ್ರಾವಣ ಮತ್ತೆ ಕೈ ಹಿಡಿಸುತ್ತದೆ.

ಹೆಂಡತಿ ಕಂಪ್ಯೂಟರಿಲ್ಲದೆ, ಮೊಡವೆಯಿಲ್ಲದೆ, ಮೊದಲ ಬಾರಿಗೆ ಪೂರ್ತಿ ಕೇಳಿದಳು. ಕೇಳಿ ಮುಗಿಸಿ, ತನ್ನ ಗುಂಗುರಿನ ಒಂದು ಸುರುಳಿಯನ್ನು ಬೆರಳಿಗೆ ಸುತ್ತಿಕೊಂಡು ಕೇಳಿದಳು: "ಹಾಗಾದ್ರೆ ನನ್ನ ಮಣಿಗಳ ಸಾಲೇ ಬದಲಾಯ್ತಾ? ಒಳಗೆ ನಾನು ಬೇರೆ ಯಾರೋ ಆಗಿದೀನಾ?"

ಮೇಷ್ಟ್ರು ಉತ್ತರ ಹೇಳಲು ಬಾಯಿ ತೆರೆದರು. ಸಾಲು ಬದಲಾಗಿಲ್ಲ ಎಂದು ಹೇಳಬಹುದಿತ್ತು. ಕೂದಲು ಹುಟ್ಟುವ ಕುಳಿಗೆ ಔಷಧಿಯ ಏಟು ಬಿದ್ದು ಅದರ ಆಕಾರ ತಿರುಚಿರಬಹುದು, ನಾಳೆ ಮತ್ತೆ ನೇರವೂ ಆಗಬಹುದು ಎಂದೂ ಹೇಳಬಹುದಿತ್ತು. ಆದರೆ ಅವಳು ಕೇಳಿದ್ದು ಕೂದಲಿನ ವಿಷಯ ಅಲ್ಲವೆಂದು ಅವರಿಗೆ ಎಲ್ಲೋ ತಟ್ಟಿತು.

"ಯಾಕೆ ಹೀಗಾಗುತ್ತೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ," ಎಂದರು. ಆಮೇಲೆ, "ನನಗೂ ಗೊತ್ತಿಲ್ಲ," ಎಂದರು.

ಆ ಮಾತು ಅವರ ಬಾಯಿಂದ ಆ ಮನೆಯಲ್ಲಿ ಹಿಂದೆ ಬಂದಿರಲಿಲ್ಲ. ಹೆಂಡತಿ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ಆಸ್ಪತ್ರೆಯಲ್ಲಿ ಅವರು ಪಾಠ ಹೇಳಿದಾಗಲೆಲ್ಲ ತನಗೆ ಇನ್ನೂ ಹೆದರಿಕೆಯಾಗುತ್ತಿತ್ತು, ಇವರಿಗೆ ಮಾತ್ರ ಏನೂ ಅನ್ನಿಸುತ್ತಿಲ್ಲವಲ್ಲ ಎಂದು ಕೋಪವೂ ಬರುತ್ತಿತ್ತು ಎಂದಳು.

"ಅನ್ನಿಸ್ತಿತ್ತು ಕಣೇ," ಎಂದರು ಮೇಷ್ಟ್ರು. "ಸುಮ್ನಿದ್ರೆ ಅತ್ತುಬಿಡ್ತೀನಿ ಅಂತಲೇ ಮಾತಾಡ್ತಿದ್ದೆ."

ಅವಳು ಗವಸು ಕಳಚಿ ಅವರ ಕೈ ಹಿಡಿದುಕೊಂಡಳು. ಇಬ್ಬರೂ ಹಾಗೇ ಕೂತರು. ಎಷ್ಟು ಹೊತ್ತು ಎಂದು ಯಾರೂ ನೋಡಲಿಲ್ಲ. (ನೋಡಬೇಕಿತ್ತು.)

"ರೀ," ಎಂದಳು ಅವಳು ಕೊನೆಗೆ, ಮೆಲ್ಲಗೆ. "ನಿಮ್ಮ ಹೆಗಲ ಮೇಲೆ ಏನೋ ಬಿದ್ದಿದೆ."

ಬಿದ್ದದ್ದು ಅವರ ಮುಂದಲೆಯ ಅಲೆ. ಮೇಷ್ಟ್ರು ಎದ್ದು ಸಿಂಕಿಗೆ ತಲೆ ಕೊಟ್ಟರು. ನಲ್ಲಿ ತಿರುಗಿಸಿದಳು. ನೀರಿನ ಜೊತೆ ಅವರ ಯೌವನವೂ ನೆನೆದ ಕಾಗದದಂತೆ ಮುದ್ದೆಮುದ್ದೆಯಾಗಿ ಇಳಿದು ಹೋಗಿ ಸಿಂಕಿನ ಬಾಯಿ ಕಟ್ಟಿತು. ದ್ರಾವಣ ಹಳೆಯ ಕೈಹಿಡಿತವನ್ನಷ್ಟೇ ಬಿಡಿಸಿರಲಿಲ್ಲ, ಬುಡದ ಮೇಲಿನ ಸಂಬಂಧವನ್ನೇ ಕಡಿದಿತ್ತು. ತಲೆ ಎತ್ತಿದಾಗ ಅಲ್ಲಲ್ಲಿ ಒಂದೊಂದು ಗುಪ್ಪೆ ಉಳಿದು ನುಸಿ ತಿಂದ ಕಂಬಳಿಯಂತೆ ಕಾಣುತ್ತಿತ್ತು.

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ನೆಲಕ್ಕೆ ಕುಸಿದು ಕೂತು, ಕಣ್ಣಲ್ಲಿ ನೀರು ಸುರಿಯುವವರೆಗೂ ನಕ್ಕಳು. ಕಾಯಿಲೆ ಬಂದ ಮೇಲೆ ಆ ಮನೆ ಕೇಳಿದ ಮೊದಲ ನಗು. ಸಿಟ್ಟು ಮಾಡಿಕೊಳ್ಳಲು ಮೇಷ್ಟ್ರು ಬಹಳ ಪ್ರಯತ್ನಪಟ್ಟರು, ಆಗಲಿಲ್ಲ. ಅವಳೇ ಎದ್ದು, ಉರಿಯುತ್ತಿದ್ದ ನೆತ್ತಿಗೆ ತಣ್ಣೀರಿನ ಬಟ್ಟೆ ಹಾಕಿದಳು. ಸಂಜೆ ಉರಿ ಇಳಿದ ಮೇಲೆ, ಉಳಿದ ಗುಪ್ಪೆಗಳನ್ನೂ ಹುಷಾರಾಗಿ ತೆಗೆದು ನುಣ್ಣಗೆ ಮಾಡಿದಳು. ತನ್ನ ತಲೆಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಸೋಮವಾರ ಷಟರ್ ಎತ್ತಲು ಮೇಷ್ಟ್ರು ಟೋಪಿ ಹಾಕಿಕೊಂಡು ಜೊತೆಗೆ ಹೋದರು. ಷಟರ್ ಎತ್ತುವ ಭರಕ್ಕೆ ಟೋಪಿ ಕೆಳಗೆ ಬಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಇನ್ಶೂರೆನ್ಸ್ ಏಜೆಂಟರ ಹೆಂಡತಿ ಹೂಗುಚ್ಛ ಹಿಡಿದುಕೊಂಡು, 'ಪಾಪ' ಎನ್ನಲು ತುಟಿ ಸಿದ್ಧಮಾಡಿಕೊಂಡು ಬಂದವರು, ಆ ಬೋಳುತಲೆಯನ್ನು ಕಂಡು ಅಲ್ಲೇ ನಿಂತುಬಿಟ್ಟರು. ಅವರ ಕಣ್ಣು ತುಂಬಿತು.

"ಹೆಂಡ್ತಿ ಪಟ್ಟ ಕಷ್ಟ ತಾವೂ ಪಡಬೇಕು ಅಂತ ತೆಗೆಸಿದ್ರಾ ಮೇಷ್ಟ್ರೇ?" ಎಂದರು.

ಮೇಷ್ಟ್ರು ನಿಜ ಹೇಳಲು ಬಾಯಿ ತೆರೆದರು. ಹೆಂಡತಿ ಅವರ ಕಾಲು ತುಳಿದಳು.

ಸಂಜೆಯೊಳಗೆ ಸುದ್ದಿ ಬೀದಿಯುದ್ದಕ್ಕೂ ಹರಡಿತು. ಅವಳಿಗೆ ಕೂದಲು ಬಂದ ಮೇಲೆ ಇವರು ತೆಗೆಸಿದ್ದೇಕೆ ಎಂದು ಯಾರೋ ಲೆಕ್ಕ ಕೇಳಿದರಂತೆ. ಅವಳು ಪೂರ್ತಿ ವಾಸಿಯಾಗಲಿ ಎಂದು ಕಾದಿದ್ದರು, ಎಂಥ ತಾಳ್ಮೆ ನೋಡಿ ಎಂದು ಅದಕ್ಕೂ ಜನರೇ ಉತ್ತರ ಹುಡುಕಿಕೊಂಡರು. ಸ್ಟುಡಿಯೋಕ್ಕೆ ಬಂದವರೆಲ್ಲ ಮೇಷ್ಟ್ರ ತಲೆಯನ್ನೇ ನೋಡಿದರು, ಅದನ್ನೇ ಹೊಗಳಿದರು. ಅವಳ ಕಾಯಿಲೆಯ ಸುದ್ದಿ ಎತ್ತಲು ಯಾರಿಗೂ ಪುರಸೊತ್ತಾಗಲಿಲ್ಲ. ಒಬ್ಬ ಹುಡುಗಿ ಮಾತ್ರ ಫೋಟೋ ತೆಗೆಸಿಕೊಂಡು ಹೋಗುವಾಗ, ಈ ಗುಂಗುರು ಯಾವ ಪಾರ್ಲರಿನಲ್ಲಿ ಮಾಡಿಸಿದಿರಿ ಎಂದು ಕೇಳಿದಳು. ಅವತ್ತು ಮಧ್ಯಾಹ್ನವೇ ಹೆಂಡತಿ ಷೋಕೇಸಿನ ಹಳೆಯ ಫೋಟೋ ತೆಗೆದು ಒಳಗಿಟ್ಟಳು.

ಮೇಷ್ಟ್ರ ಪಾಡು ಹೇಳತೀರದು. ಕಾಲೇಜಿನಲ್ಲಿ ಹುಡುಗರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಏಜೆಂಟರು ಬೇಲಿಯ ಆಚೆಯಿಂದ, ನಿಮ್ಮ ದೆಸೆಯಿಂದ ಮನೆಯಲ್ಲಿ ನೆಮ್ಮದಿಯಾಗಿ ಊಟ ಮಾಡುವ ಹಾಗಿಲ್ಲ, 'ನೋಡಿ ಕಲೀರಿ' ಎನ್ನುವುದೇ ಉಪ್ಪಿನಕಾಯಿಯಾಗಿದೆ ಎಂದು ಹಲುಬಿದರು. ಇದೆಲ್ಲದರ ಮೇಲೆ, ರೋಗಿಗಳ ಮನೆಯವರಿಗೆ ನಾಲ್ಕು ಧೈರ್ಯದ ಮಾತು ಹೇಳಬೇಕೆಂದು ವಾರ್ಡಿನ ಸಿಸ್ಟರ್ ಕರೆ ಕಳಿಸಿದರು. ಮೇಷ್ಟ್ರು ಈ ಬಿಟ್ಟಿ ಕೀರ್ತಿಯನ್ನು ಅಲ್ಲೇ ಕಳಚಿಡುವುದೆಂದು ನಿಶ್ಚಯಿಸಿದರು. ಸಿಸ್ಟೀನ್, ಗಂಧಕ, ಕ್ಷಾರ, ಹೊತ್ತು ಮರೆತದ್ದು ಎಲ್ಲವನ್ನೂ ಒಂದೂ ಬಿಡದೆ ಹೇಳಿದರು. ಇದು ತ್ಯಾಗವಲ್ಲ, ಬರೀ ದಡ್ಡತನ ಎಂದು ಕೈಮುಗಿದರು.

ಸಭೆಯಲ್ಲಿ ಮೂಗೊರೆಸುವ ಸದ್ದು ಎದ್ದಿತು. ಎಂಥ ವಿನಯ, ಮಾಡಿದ್ದನ್ನು ಮಾಡಿದೆ ಎನ್ನಲೂ ಸಂಕೋಚ ಎಂದು ಸಿಸ್ಟರ್ ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆಂದು ಪಕ್ಕದವರು ಬೆನ್ನು ಸವರಿದರು. ಅವಳ ಹೆಗಲು ಯಾಕೆ ಕುಲುಕುತ್ತಿದೆ ಎಂದು ಮೇಷ್ಟ್ರಿಗೆ ಮಾತ್ರ ಗೊತ್ತಿತ್ತು.

ಎಲ್ಲರೂ ಎದ್ದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಮುದುಕರು ಬಂದರು. ತಮ್ಮ ಹೆಂಡತಿ ಮೇಲಿನ ವಾರ್ಡಿನಲ್ಲಿದ್ದಾಳೆ ಎಂದರು. ತಲೆಯ ಮೇಲೆ ಕೈಯಾಡಿಸಿಕೊಂಡು ಕೇಳಿದರು: "ನಾನೇನು ಮಾಡ್ಲಿ ಮೇಷ್ಟ್ರೇ? ನನಗೆ ಮೊದಲಿನಿಂದ್ಲೂ ಕೂದಲಿಲ್ಲ."

ಮೇಷ್ಟ್ರಿಗೆ ಪ್ರೋಟೀನು ನೆನಪಾಗಲಿಲ್ಲ. "ಅವರ ಹತ್ರ ಕೂತ್ಕೊಳ್ಳಿ," ಎಂದರು. "ನಿಮಗೂ ಹೆದರಿಕೆ ಆಗ್ತಿದೆ ಅಂತ ಹೇಳಿ. ಅಷ್ಟು ಸಾಕು."

ಮುದುಕರು ತಲೆಯಾಡಿಸಿ, ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿದರು.

ಕೆಲವು ವಾರಗಳಲ್ಲಿ ಮೇಷ್ಟ್ರ ನೆತ್ತಿಯ ಮೇಲೆ ಗರಿಕೆಯಂತೆ ಕರಿಚುಕ್ಕೆ ಮೂಡಿತು. ಅವರು ದಿನಕ್ಕೆಷ್ಟೋ ಸಲ ಮುಟ್ಟಿ ನೋಡಿಕೊಂಡರು. ಗಣಿತದ ಮೇಷ್ಟ್ರ ಎದುರು ಬಾಚಣಿಗೆ ತೆಗೆಯುವ ದಿನವನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಂಡರು. ಆದರೆ ಹೆಂಡತಿ ಒಂದು ಬೆಳಿಗ್ಗೆ ಕ್ಷೌರದ ಕತ್ತಿ, ನೊರೆಯ ಬಟ್ಟಲು ಹಿಡಿದು ಹಿತ್ತಲಿನ ಮೆಟ್ಟಿಲ ಬಳಿ ಬಂದು ನಿಂತಳು. ತನಗೆ ಗುಂಗುರು ಒಗ್ಗಿಹೋಗಿದೆ, ಇನ್ನು ಇದೇ ಇರಲಿ ಎಂದಳು. ಬೇರಿನ ಬುಡದಲ್ಲಿ ಸರದ ಸಾಲು ಹಾಗೇ ಇದೆ, ತನ್ನ ಅಲೆಗಳೂ ಮರಳಿ ಬರುತ್ತವೆ ಎಂದು ಮೇಷ್ಟ್ರು ಉತ್ಸಾಹದಿಂದ ಹೇಳಿದರು.

"ಬರೋದೇನೋ ಬರುತ್ತೆ," ಎಂದಳು ಅವಳು. "ಬೆಳೆಯೋಕೆ ಬಿಟ್ರೆ ಜನ ಏನಂತಾರೆ? ಹೆಂಡ್ತಿ ಮೇಲಿನ ಪ್ರೀತಿ ಇಷ್ಟೇನಾ ಅನ್ನಲ್ವಾ? ಕೂತ್ಕೊಳ್ಳಿ."

ಅಂದಿನಿಂದ ಭಾನುವಾರದ ಬೆಳಗ್ಗೆ ಮೇಷ್ಟ್ರು ಹಿತ್ತಲಿನ ಮೆಟ್ಟಿಲ ಮೇಲೆ ಟವೆಲು ಹೊದ್ದು ಕೂರುತ್ತಾರೆ. ಅವಳು ಕತ್ತಿ ಎಳೆಯುತ್ತಾ ಪಾಠ ಶುರು ಮಾಡುತ್ತಾಳೆ: ಬೋಳುತಲೆಯ ಮೇಲೆ ಫ್ಲ್ಯಾಷಿನ ಬೆಳಕು ನೇರವಾಗಿ ಬೀಳಬಾರದೇಕೆ, ನೆರಳು ಎಂದರೇನು, ನೆರಳಿನಲ್ಲಿ ಎಷ್ಟು ಬಗೆ. ವಿಷಯ ದೊಡ್ಡದು, ತಲೆಯೂ ದೊಡ್ಡದು, ಅವಳಿಗೆ ಅವಸರವಿಲ್ಲ. ನಡುನಡುವೆ ಕತ್ತಿಯನ್ನು ನೆತ್ತಿಯ ಮೇಲೇ ನಿಲ್ಲಿಸಿ, "ಅರ್ಥ ಆಯ್ತಾ?" ಎಂದು ಕೇಳುತ್ತಾಳೆ.

ಮೇಷ್ಟ್ರು ತಲೆಯಾಡಿಸುವ ಹಾಗಿಲ್ಲ.