ಕುರ್ಚಿಗೊಂದು ದಿಂಬು

ಸಾಸ್ಮಿತೊ ಸಂಘ ಸೇರಿದ್ದು ದೇಶಕ್ಕಾಗಿ ಅಲ್ಲ, ಕುರ್ಚಿಗಾಗಿ.

ಜಾವಾದಲ್ಲಿ ಅದು ಸಂಘಗಳ ಕಾಲ. ಸಕ್ಕರೆ ಕಾರ್ಖಾನೆಯ ಸೀಟಿ ಊದಿ, ಕಬ್ಬಿನ ಗಾಡಿಗಳ ಧೂಳು ಅಡಗಿ, ಮನೆಮನೆಯ ಜಗಲಿಗೆ ದೀಪ ಬರುವ ಹೊತ್ತಿಗೆ ಒಂದು ಓಣಿಯಲ್ಲಿ ಬಟ್ಟೆ ವ್ಯಾಪಾರಿಗಳ ಸಂಘ, ಇನ್ನೊಂದು ಓಣಿಯಲ್ಲಿ ರೈಲಿನವರ ಸಂಘ ಸೇರುತ್ತಿತ್ತು. ಲವಂಗದ ಸಿಗರೇಟಿನ ಹೊಗೆ, ಬೆಲ್ಲದ ಕಾಫಿ, ನಡುವೆ ಯಾರೋ ಒಬ್ಬರು ಎದ್ದು ನಿಂತು, “ಇನ್ನು ಎಲ್ಲಾ ಬದಲಾಗುತ್ತೆ” ಎನ್ನುವುದು. ಡಚ್ಚರ ಸರ್ಕಾರ ಎಲ್ಲಿದ್ದದ್ದು ಅಲ್ಲೇ ಇತ್ತು. ಆದರೂ ಆ ಮಾತನ್ನು ನಂಬಿದವರ ಮುಖ ದೀಪದ ಬೆಳಕಿನಲ್ಲಿ ಎಷ್ಟು ಚೆಂದ ಕಾಣುತ್ತಿತ್ತೆಂದರೆ, ನಂಬದವರೂ ಅವರನ್ನು ನೋಡಲೆಂದೇ ಬಂದು ಕೂರುತ್ತಿದ್ದರು.

ಕಾಲಿರೆಜೊ ಊರಿನ ಸಂಘಕ್ಕೆ ‘ಒಂದೇ ಮಾತಿನ ಸಂಘ’ ಎಂದು ಹೆಸರು. ಆ ಸೀಮೆಯ ಭಾಷೆಗೆ ಎರಡು ಅಂತಸ್ತು. ಚಿಕ್ಕವರೊಡನೆ ಆಡುವುದು ಕೆಳಗಿನ ಮಾತು, ದೊಡ್ಡವರೊಡನೆ ಆಡುವುದು ಮೇಲಿನ ಮಾತು. ನೀನು, ತಾವು ಎಂಬಷ್ಟಕ್ಕೇ ಅದು ಮುಗಿಯುವುದಿಲ್ಲ. ನಾವು ಉಣ್ಣುವ ಅನ್ನಕ್ಕೊಂದು ಹೆಸರು, ದೊಡ್ಡವರ ತಟ್ಟೆಗೆ ಬಿದ್ದ ಅದೇ ಅನ್ನಕ್ಕೆ ಇನ್ನೊಂದು. ಈ ಮಹಡಿಯನ್ನು ಕೆಡವಿ ಎಲ್ಲರೂ ಎಲ್ಲರನ್ನೂ ‘ನೀನು’ ಎನ್ನಬೇಕೆಂಬುದು ಸಂಘದ ಅಧ್ಯಕ್ಷ ದಿರ್ಜೊ ಮೇಷ್ಟರ ಹಟ.

ಇದಾವುದೂ ಸಾಸ್ಮಿತೊನಿಗೆ ಗೊತ್ತಿರಲಿಲ್ಲ. ಅವನು ತಾಲೂಕಿನ ಅಧಿಕಾರಿ ವೆದೊನೊ ಅವರ ಕಚೇರಿಯಲ್ಲಿ ಬರಹಗಾರ. ಬರಹಗಾರರೆಲ್ಲ ಕಂಬದ ಚಾವಡಿಯಲ್ಲಿ ಚಾಪೆಯ ಮೇಲೆ ಕಾಲು ಮಡಿಸಿ ಕೂತು ಬರೆಯಬೇಕು. ಕುರ್ಚಿ ಇದ್ದದ್ದು ಎರಡೇ. ವೆದೊನೊ ಅವರದ್ದೊಂದು, ಹಿರಿಯ ಬರಹಗಾರರದ್ದೊಂದು. ಹಿರಿಯರು ಮೊನ್ನೆ ನಿವೃತ್ತರಾಗಿದ್ದರು. ಅವರ ಬೆತ್ತದ ಕುರ್ಚಿ ಖಾಲಿ ಕೂತು ಸಾಸ್ಮಿತೊನ ಮೊಣಕಾಲುಗಳನ್ನು ಕೈಬೀಸಿ ಕರೆಯುತ್ತಿತ್ತು. ಆ ಮೊಣಕಾಲುಗಳು ಏಳುವಾಗೊಮ್ಮೆ, ಕೂರುವಾಗೊಮ್ಮೆ ಹಳೇ ಬಾಗಿಲಿನಂತೆ ಕಿರುಗುಟ್ಟುತ್ತಿದ್ದವು. “ನಾಳೆ ಬೆಳಿಗ್ಗೆ ಹೇಳ್ತೀನಿ” ಎಂದು ವೆದೊನೊ ಇವನನ್ನೇ ನೋಡಿ ನಕ್ಕಿದ್ದರು. ಹೆಂಡತಿ ಲಾಸ್ತ್ರಿ ತನ್ನ ಮದುವೆಯ ಬಾತಿಕ್ ಬಟ್ಟೆಯನ್ನು ಕತ್ತರಿಸಿ, ಬೂರುಗದ ಹತ್ತಿ ತುಂಬಿ, ಆ ಕುರ್ಚಿಗೆಂದು ದಿಂಬನ್ನೂ ಹೊಲಿದಿಟ್ಟಿದ್ದಳು.

ಹಾಗಿರುವಾಗ, ಆ ಸಂಜೆ ಮನೆಗೆ ಬರುವ ದಾರಿಯಲ್ಲಿ ಮೇಷ್ಟರ ಮನೆಯ ಕಿಟಕಿ ತೆರೆದಿತ್ತು. ಒಳಗೆ ಸಾಲಾಗಿ ಕುರ್ಚಿಗಳು.

“ಒಳಗೆ ಬಾ ಅಣ್ಣ, ಕೂತ್ಕೊ,” ಎಂದರು ಮೇಷ್ಟರು.

ನಾಳೆಗೆ ಸ್ವಲ್ಪ ಅಭ್ಯಾಸವಾಗಲಿ ಎಂದು ಸಾಸ್ಮಿತೊ ಕೂತ. ಮೊಣಕಾಲುಗಳು ನಿಟ್ಟುಸಿರು ಬಿಟ್ಟವು. ಕರಿದ ಬಾಳೆಹಣ್ಣು ಬಂತು, ತಿಂದ. ಯಾರೋ ಏನೋ ಭಾಷಣ ಮಾಡಿದರು, ಇವನು ಕುರ್ಚಿಯ ತೋಳು ಸವರುತ್ತಿದ್ದ. ಕೊನೆಗೊಂದು ಮಣ್ಣಿನ ಬೋಗುಣಿಯಲ್ಲಿ ನೀರು ಬಂತು. ಬಾಳೆಹಣ್ಣಿನ ಎಣ್ಣೆಗೆ ಗಂಟಲು ಕಟ್ಟಿತ್ತು, ಗಟಗಟನೆ ಕುಡಿದ.

“ಈ ನೀರು ಕುಡಿದೋರು ಪ್ರಮಾಣ ಮಾಡಿದ ಹಾಗೆ!” ಎಂದು ಮೇಷ್ಟರು ಗುಡುಗಿದರು. “ನಾಳೆ ಬೆಳಗಿನಿಂದ ನಿಮ್ಮ ಬಾಯಲ್ಲಿ ಮೇಲಿನ ಮಾತು ಒಂದು ಬಂದ್ರೂ ಹೊಟ್ಟೆ ಡೋಲಿನ ಹಾಗೆ ಊದ್ಕೊಳ್ಳುತ್ತೆ!”

ಸಾಸ್ಮಿತೊನ ಕೈಯಲ್ಲಿದ್ದ ಬೋಗುಣಿ ಖಾಲಿಯಾಗಿತ್ತು.

ಬೆಳಿಗ್ಗೆ ಲಾಸ್ತ್ರಿ ಎಲ್ಲವನ್ನೂ ಕೇಳಿಸಿಕೊಂಡು ಮೊದಲು ಗಲ್ಲಕ್ಕೆ ಕೈಯಿಟ್ಟಳು. ಆಮೇಲೆ ಅವಳ ಕಣ್ಣು ಮಿನುಗಿತು.

“ಅಂದ್ರೆ ನಾನೂ ತಮ್ಮನ್ನ... ನೀನು ಅನ್ನಬಹುದಾ?”

“ನೀರು ಕುಡಿದಿದ್ದು ನಾನು ಕಣೆ!”

“ಮನೆ ಒಂದೇ ತಾನೆ? ಏಳು, ಏಳು. ಹೋಗಿ ಸ್ನಾನ ಮಾಡು,” ಎಂದು ಲಾಸ್ತ್ರಿ ಮಾತನ್ನು ಕಲ್ಲುಸಕ್ಕರೆಯಂತೆ ಚಪ್ಪರಿಸಿದಳು. “ಅಲ್ಲ, ವೆದೊನೊ ಸಾಹೇಬರ ಎದುರು ಏನು ಮಾಡ್ತೀಯ? ನೀನು ಅಂದ್ರೆ ಕುರ್ಚಿ ಹೋಯ್ತು. ತಾವು ಅಂದ್ರೆ ಹೊಟ್ಟೆ ಹೋಯ್ತು.”

“ಬಾಯೇ ಬಿಡಲ್ಲ. ಹಲ್ಲುನೋವು ಅಂತೀನಿ.”

ಲಾಸ್ತ್ರಿ ಅವನ ಗಲ್ಲದಿಂದ ನೆತ್ತಿಯವರೆಗೆ ಬಟ್ಟೆ ಕಟ್ಟಿ ಮೇಲೆ ಗಂಟು ಹಾಕಿದಳು. ಕನ್ನಡಿಯಲ್ಲಿ ನೋಡಿದರೆ ಸಾಸ್ಮಿತೊ ಹಬ್ಬಕ್ಕೆ ಕಳಿಸಲು ಕಟ್ಟಿಟ್ಟ ತಿಂಡಿಯ ಪೊಟ್ಟಣದಂತೆ ಕಂಡ.

ಅಂಗಳ ದಾಟುವುದರೊಳಗೆ ಸುದ್ದಿ ಬೇಲಿ ಹಾರಿತು. ಪಕ್ಕದ ಮನೆಯ ಬೋಕ್ ಗಿಯೆಮ್, ಕಡಲೆಕಾಯಿ ಗೊಜ್ಜು ಅರೆಯುತ್ತಿದ್ದ ಕೈಯಲ್ಲೇ ಓಡಿಬಂದಳು. ಹಿಂದಿನಿಂದ ಸಾಸ್ಮಿತೊನ ಅತ್ತೆ ಬಂದರು.

“ಅಯ್ಯೋ ನಮ್ಮಪ್ಪ! ಯಾವ ಕಡೆ ಹಲ್ಲು?” ಎಂದಳು ಗಿಯೆಮ್.

ಸಾಸ್ಮಿತೊ ಎಡಗೆನ್ನೆ ತೋರಿಸಿದ.

“ಅಳಿಯಂದ್ರೆ, ಯಾವ ಕಡೆ?” ಎಂದರು ಅತ್ತೆ.

ಅತ್ತೆಯೊಡನೆ ಕೆಳಗಿನ ಮಾತೇ? ಗಾಬರಿಯಲ್ಲಿ ಅವನು ಬಲಗೆನ್ನೆ ತೋರಿಸಿದ.

“ಎರಡೂ ಕಡೆ ಹಿಡಿದುಬಿಟ್ಟಿದೆ! ನಮ್ಮ ಮಾವನಿಗೂ ಹೀಗೇ ಆಗಿತ್ತು. ತೀರಿಕೊಂಡಾಗ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ,” ಎಂದು ಗಿಯೆಮ್ ಎಡಗೆನ್ನೆಯೊಳಗೆ ಲವಂಗ ತುರುಕಿದಳು. ಅತ್ತೆ ಬಲಗೆನ್ನೆಯೊಳಗೆ ಹೊಗೆಸೊಪ್ಪು ತುರುಕಿದರು. ಮಾತಾಡದಿರಲು ಸಾಸ್ಮಿತೊ ಇನ್ನು ನಟಿಸಬೇಕಾಗಿರಲಿಲ್ಲ.

“ಕಿತ್ತೇ ಹಾಕಿಸಬೇಕು. ಸಂತೆಗೆ ಹೋಗಿ ಹಲ್ಲು ಕೀಳೋ ಪಾಕ್ ಜಿಮಾನ್‌ನ ಕರ್ಕೊಂಡು ನೇರ ಕಚೇರಿಗೇ ಬರ್ತೀನಿ,” ಎಂದರು ಅತ್ತೆ.

“ಮ್ಮ್! ಮ್ಮ್ಮ್!” ಎಂದು ಸಾಸ್ಮಿತೊ ತಲೆಯಾಡಿಸಿದ.

“ನೋಡು, ಎಷ್ಟು ನೋವಿದೆ ಪಾಪ,” ಎಂದು ಅತ್ತೆ ಕೊಡೆ ಬಿಚ್ಚಿ ಹೊರಟೇಬಿಟ್ಟರು.

ಕಚೇರಿಯ ಚಾವಡಿಯಲ್ಲಿ ಸೂರಿನಿಂದ ತೂಗುಬಿಟ್ಟ ಪಂಜರಗಳಲ್ಲಿ ವೆದೊನೊ ಅವರ ಪುಟ್ಟ ಪಾರಿವಾಳಗಳು ಗುಟುರು ಹಾಕುತ್ತಿದ್ದವು. ಸಾಸ್ಮಿತೊ ರೂಢಿಯಂತೆ ಕುಕ್ಕರಗಾಲಲ್ಲಿ ತೆವಳುತ್ತ ಹೋಗಿ ಕೈಮುಗಿದ. ಅಲ್ಲೇ ಪ್ರಾವಿರೊ ಇದ್ದ. ಅವನೂ ಬರಹಗಾರ, ಅವನ ಕಣ್ಣೂ ಅದೇ ಕುರ್ಚಿಯ ಮೇಲೆ. ಅವನು ಮೇಲಿನ ಮಾತನ್ನು ಬೆಲ್ಲದ ಪಾಕದಲ್ಲಿ ಅದ್ದಿ ತೆಗೆಯುತ್ತಿದ್ದ.

“ಒಡೆಯರ ದಿವ್ಯ ನಿದ್ರೆ ಸುಖವಾಗಿ ನೆರವೇರಿತೆಂದು ಈ ಪಾದಧೂಳಿ ಭಾವಿಸಬಹುದೇ?”

“ಆಯ್ತಪ್ಪ, ಆಯ್ತು,” ಎಂದು ವೆದೊನೊ ಆಕಳಿಸಿದರು. ಅವರು ದೊಡ್ಡ ಹೊಟ್ಟೆಯ, ಸಣ್ಣ ದನಿಯ, ಹಕ್ಕಿಗಳಲ್ಲದೆ ಬೇರಾವುದಕ್ಕೂ ಅವಸರಪಡದ ಮನುಷ್ಯ. “ಸಾಸ್ಮಿತೊ, ಹಿರಿಯ ಬರಹಗಾರ ಆಗೋನು ಎಲ್ಲರ ಮುಂದೆ ಎರಡು ಮಾತು ಹೇಳೋದು ನಮ್ಮ ಕಚೇರಿ ಪದ್ಧತಿ. ನೀನೀಗ ಎರಡೇ ಮಾತು ಹೇಳಿದ್ರೆ ಕುರ್ಚಿ ನಿಂದು. ಇದೇನು ತಲೆಗೆ ಬಟ್ಟೆ?”

ಎರಡೇ ಮಾತು. ಬೆತ್ತದ ಕುರ್ಚಿ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಸಾಸ್ಮಿತೊ ಬಾಯಿ ತೆರೆದ. ಡೋಲಿನಂತೆ ಊದಿದ ಹೊಟ್ಟೆ ಕಣ್ಣಮುಂದೆ ಬಂತು. ಬಾಯಿ ಮುಚ್ಚಿದ. “ಮ್ಮ್ಮ್,” ಎಂದ.

“ಹಲ್ಲುನೋವು, ಒಡೆಯಾ,” ಎಂದು ಪ್ರಾವಿರೊ ಕನಿಕರದಿಂದ ತಲೆಯಾಡಿಸಿದ. “ಪಾಪ, ಮಾತೇ ಬಾರದವರು ಆ ಪೀಠದಲ್ಲಿ ಕೂರುವುದು ಹೇಗೋ.”

ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆಯ ಕೊಡೆ ಕಾಣಿಸಿತು. ಹಿಂದೆಯೇ ಇಕ್ಕಳ ಹಿಡಿದ ಪಾಕ್ ಜಿಮಾನ್. ಅವನ ಕೊರಳಲ್ಲಿ ಊರಿನ ಅರ್ಧ ಜನರ ಹಲ್ಲುಗಳು ಸರವಾಗಿ ತೂಗುತ್ತಿದ್ದವು.

“ಒಳ್ಳೇದಾಯ್ತು! ಈಗಲೇ ಕಿತ್ತು ಹಾಕು. ಆಮೇಲೆ ಮಾತಾಡ್ತಾನೆ,” ಎಂದರು ವೆದೊನೊ. “ಹಿಡ್ಕೊಳ್ಳಿ ಅವನನ್ನ.”

ಪ್ರಾವಿರೊ ಬಹಳ ಉತ್ಸಾಹದಿಂದ ಕಾಲು ಹಿಡಿದ. ಅತ್ತೆ ಕೈ ಹಿಡಿದರು. ತಲೆ ಹಿಡಿಯಲು ಮಾತ್ರ ಯಾರೂ ಇರಲಿಲ್ಲ. ಆಗ ವೆದೊನೊ ತಾವೇ ಕುರ್ಚಿಯಿಂದ ಇಳಿದು ಬಂದು, ತಮ್ಮ ಉಂಗುರದ ಬೆರಳುಗಳಿಂದ ಬರಹಗಾರನ ತಲೆಯನ್ನು ಒತ್ತಿಹಿಡಿದರು. ಚಾವಡಿಯಲ್ಲಿದ್ದವರೆಲ್ಲ ಬೆರಗಾದರು. ಅಂಥ ಮರ್ಯಾದೆ ಆ ತಾಲೂಕಿನಲ್ಲಿ ಯಾವ ತಲೆಗೂ ಸಂದಿರಲಿಲ್ಲ.

ಇಕ್ಕಳ ಒಳಗೆ ಹೋಯಿತು. ಗಟ್ಟಿಮುಟ್ಟಾದ, ಯಾವ ತಪ್ಪನ್ನೂ ಮಾಡದ ಒಂದು ದವಡೆ ಹಲ್ಲನ್ನು ಹಿಡಿಯಿತು, ತಿರುಚಿತು.

“ಬಿಡೋ! ತಲೆ ಬಿಡೋ ಕತ್ತೆ! ಕೈ ತೆಗೀತೀಯೋ ಇಲ್ಲವೋ ನೀನು!”

ಹಲ್ಲು ಬಂತು. ಪಾರಿವಾಳಗಳು ಸುಮ್ಮನಾದವು. ಅತ್ತೆಯ ಕೈಯಿಂದ ಕೊಡೆ ಬಿತ್ತು. ಪ್ರಾವಿರೊ ಹಿಡಿದ ಕಾಲನ್ನು ಮಗುವಿನಂತೆ ಮೆಲ್ಲನೆ ನೆಲಕ್ಕಿಟ್ಟ. ವೆದೊನೊ ತಮ್ಮ ಕೈಗಳನ್ನೊಮ್ಮೆ ನೋಡಿಕೊಂಡು ಒಳಕೋಣೆಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಕರೆ ಬಂತು. ಸಾಸ್ಮಿತೊ ತೆವಳುತ್ತ ಹೋದ. ಊರು ಬಿಟ್ಟು ಹೋಗುವುದಾದರೆ ದಿಂಬನ್ನು ಯಾವ ಗಂಟಿನಲ್ಲಿ ಕಟ್ಟುವುದು ಎಂದು ಯೋಚಿಸುತ್ತಿದ್ದ.

“ಮೇಷ್ಟರ ಸಂಘ ಸೇರಿದೀಯ?” ಎಂದು ವೆದೊನೊ ಪಿಸುಗುಟ್ಟಿದರು.

ಸಾಸ್ಮಿತೊ ಹೌದೆಂದು ತಲೆಯಾಡಿಸಿದ.

“ಮೊದಲೇ ಹೇಳಬಾರದೇನಯ್ಯ! ಆ ಸಂಘದೊಳಗೆ ನಮ್ಮೋನು ಒಬ್ಬ ಬೇಕು ಅಂತ ಡಚ್ ಸಾಹೇಬರು ನನ್ನ ಪ್ರಾಣ ತಿಂತಿದಾರೆ. ಯಾರನ್ನ ಕಳಿಸಲಿ? ನಮ್ಮೋರು ಯಾರು ಹೋದ್ರೂ ಅಲ್ಲಿ ‘ತಮ್ಮ ಅಪ್ಪಣೆ’ ಅಂದು ಸಿಕ್ಕಿಬೀಳ್ತಾರೆ. ಪ್ರಾವಿರೊನ ಇಲ್ಲಿ ನಿಲ್ಲಿಸ್ಕೊಂಡು, ನನ್ನನ್ನ ಒಂದು ಸಲ ‘ನೀನು’ ಅನ್ನಪ್ಪ ಅಂದೆ. ಅನ್ನೋಕಾಗದೆ ಅತ್ತುಬಿಟ್ಟ.” ಅವರು ಅಭಿಮಾನದಿಂದ ಸಾಸ್ಮಿತೊನ ಬೆನ್ನು ತಟ್ಟಿದರು. “ನಿನ್ನ ಬಾಯಲ್ಲಿ ಕತ್ತೆ ಅನ್ನೋದು ಎಷ್ಟು ಸಲೀಸಾಗಿ ಬಂತಯ್ಯ! ಇವತ್ತಿನಿಂದ ನಿನ್ನ ಕೆಲಸ ಅಲ್ಲೇ. ದಿನಾ ಹೋಗು, ಕೂತ್ಕೊ, ಕೇಳಿಸ್ಕೊ. ಇಲ್ಲಿನ ಕುರ್ಚಿ ಪ್ರಾವಿರೊಗೆ ಕೊಟ್ಟುಬಿಡ್ತೀನಿ. ನಿನಗೇನು ಬೇಜಾರಿಲ್ಲ ತಾನೆ?”

ಬೇಜಾರಿತ್ತು. ಆದರೆ ಮನೆಯ ದಾರಿಯಲ್ಲಿ ಅದು ಒಂದೊಂದೇ ಹೆಜ್ಜೆಗೆ ಕರಗಿತು. ಮೇಷ್ಟರ ಮನೆಯಲ್ಲಿ ಸಾಲುಸಾಲು ಕುರ್ಚಿಗಳಿದ್ದವಲ್ಲ! ಇನ್ನು ದಿನವೂ ಕುರ್ಚಿಯ ಮೇಲೆ ಕೂರುವುದೇ ಅವನ ಸರ್ಕಾರಿ ನೌಕರಿ. ಅಲ್ಲಿ ಕೇಳಿಸಿಕೊಂಡದ್ದನ್ನು ಇಲ್ಲಿ ಹೇಳಬೇಕೇ, ಬೇಡವೇ ಎಂದು ಆಮೇಲೆ ನೋಡಿಕೊಂಡರಾಯಿತು.

“ದಿಂಬು ಕೊಡು,” ಎಂದ, ಖಾಲಿಯಾದ ಹಲ್ಲಿನ ಸಂದಿಯಿಂದ ಗಾಳಿ ಬಿಡುತ್ತ.

“ತಗೋ. ಬೇಗ ಬಾ, ಕಾಯಿಸಬೇಡ,” ಎಂದಳು ಲಾಸ್ತ್ರಿ. ಅವಳಿಗೆ ರುಚಿ ಹತ್ತಿಬಿಟ್ಟಿತ್ತು.

ಕಾರ್ಖಾನೆಯ ಸೀಟಿ ಊದಿತು. ಜಗಲಿಗಳಿಗೆ ದೀಪ ಬಂತು. ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಸಾಸ್ಮಿತೊ ಮೇಷ್ಟರ ಹೊಸ್ತಿಲು ದಾಟಿದ.

ಒಳಗೆ ಗೋಡೆಯಿಂದ ಗೋಡೆಗೆ ಚಾಪೆ ಹಾಸಿತ್ತು.

“ಬಾ ಅಣ್ಣ ಸಾಸ್ಮಿತೊ! ವೆದೊನೊನನ್ನೇ ಕತ್ತೆ ಅಂದ ಶೂರ!” ಎಂದು ಮೇಷ್ಟರು ತಬ್ಬಿಕೊಂಡರು. ಜನ ಚಪ್ಪಾಳೆ ತಟ್ಟಿದರು.

“ಕುರ್ಚಿ?” ಎಂದ ಸಾಸ್ಮಿತೊ.

“ನಿನ್ನೆ ಕೆಲವರು ಕುರ್ಚಿ ಮೇಲೆ ಕೂತಿದ್ರು, ಉಳಿದೋರು ಬಾಗಿಲಲ್ಲಿ ನಿಂತಿದ್ರು. ಇದು ಸಮಾನತೆನಾ ಅಂತ ಜನ ಕೇಳಿದ್ರು. ಸರಿ ಅನ್ನಿಸ್ತು, ಮಾರಿಬಿಟ್ವಿ.”

“ಯಾರಿಗೆ?”

“ನಿನ್ನ ಕಚೇರಿಗೇ ಕಣೋ! ಮಧ್ಯಾಹ್ನ ಡಚ್ ಸಾಹೇಬನ ಹುಕುಂ ಬಂತಂತೆ. ಇನ್ನು ಯಾವ ಬರಹಗಾರನನ್ನೂ ನೆಲದ ಮೇಲೆ ಕೂರಿಸಬಾರದು, ಎಲ್ಲರಿಗೂ ಕುರ್ಚಿ ಕೊಡಿ, ಇಲ್ಲದಿದ್ರೆ ಈ ಸಂಘದೋರು ಸುಮ್ಮನಿರಲ್ಲ ಅಂತ. ಪ್ರಾವಿರೊ ತಾನೇ ಗಾಡಿ ತಂದು ಹೇರ್ಕೊಂಡು ಹೋದ. ನಾವು ಗೆದ್ವಿ ಅಣ್ಣ! ನಾವು ಗೆದ್ವಿ!”

ಮನೆ ತುಂಬ ಗೆಲುವಿನ ಕೇಕೆ ಎದ್ದಿತು. ಲವಂಗದ ಹೊಗೆಯ ನಡುವೆ ಎಲ್ಲರ ಮುಖವೂ ಹೊಳೆಯುತ್ತಿತ್ತು. ಕೂಲಿಯವನು ಅಂಗಡಿಯವನನ್ನು, ಅಂಗಡಿಯವನು ಮೇಷ್ಟರನ್ನು ‘ನೀನು, ನೀನು’ ಎಂದು ಕರೆದು ನಗುತ್ತಿದ್ದ. ಅಷ್ಟು ಚೆಂದದ ಸಂಜೆಯೊಂದು ಕಾಲಿರೆಜೊ ಊರಿಗೆ ಮತ್ತೆ ಬರಲಿಲ್ಲ. ಆ ನಗುವಿನಲ್ಲಿ ಸಾಸ್ಮಿತೊನೂ ಒಂದು ಗಳಿಗೆ ಎಲ್ಲ ಮರೆತು ನಕ್ಕ. ಆಮೇಲೆ ಅವನು ಒಂದು ಮೂಲೆ ಹುಡುಕಿ, ಕಿರುಗುಟ್ಟುವ ಮೊಣಕಾಲುಗಳನ್ನು ಮಡಿಸಿ, ಯಾರಿಗೂ ಕಾಣದ ಹಾಗೆ ದಿಂಬನ್ನು ಅಡಿಗೆ ಸರಿಸಿದ.

“ಅಣ್ಣ ಸಾಸ್ಮಿತೊ,” ಎಂದರು ಮೇಷ್ಟರು ಮೆಲ್ಲಗೆ, “ಎಲ್ಲರಿಗೂ ದಿಂಬಿದೆಯಾ?”

ಸಾಸ್ಮಿತೊ ಸುತ್ತ ನೋಡಿದ. ನಿಟ್ಟುಸಿರು ಬಿಟ್ಟು ದಿಂಬನ್ನು ಹೊರಗೆಳೆದ.

“ಇಲ್ಲ ಕಣೋ,” ಎಂದ.